ಚಪ್ಪಾಳೆ ಬೇಡ, ಬಸ್ಸು ಬೇಕು

ಅವಳಿಗೆ ಪಿಟೀಲು ಎಂದು ಅಡ್ಡಹೆಸರಿಟ್ಟವನು ಅಪ್ಪನೇ. ಒಂದು ಮಾತು ಹಿಡಿದಳೆಂದರೆ ಮನೆಮಂದಿ ಕಿವಿ ಮುಚ್ಚಿಕೊಳ್ಳುವವರೆಗೂ ಕುಯ್ಯುತ್ತಲೇ ಇರುತ್ತಿದ್ದಳು. ಹಾಗಾಗಿ ನಗರಸಭೆಯಲ್ಲಿ ಯುವಜನರಿಗೆಂದು ಹೊಸದಾಗಿ ಒಂದು ಸ್ಥಾನ ಮಾಡಿ, ಕಾಲೇಜು ಮತ್ತು ತರಬೇತಿ ಶಾಲೆಗಳ ಹುಡುಗ ಹುಡುಗಿಯರೆಲ್ಲ ಓಟು ಹಾಕಿ ಅವಳನ್ನು ಆರಿಸಿದಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. "ಸದ್ಯ, ಇನ್ಮೇಲೆ ಊರಿನವರ ಕಿವಿ. ನಮಗೆ ರಜೆ," ಎಂದ ಅಣ್ಣ.

ಆಶ್ಚರ್ಯವಾದದ್ದು ಅವಳಿಗೇ. ಸಭಾಂಗಣಕ್ಕೆ ಕಾಲಿಟ್ಟ ಕೂಡಲೇ ನಾಲಿಗೆ ಒಣಗಿತು. ಸದಸ್ಯರಿಗೆಲ್ಲ ಉದ್ದ ಮೇಜಿನ ಸುತ್ತ ತಿರುಗುವ ಕುರ್ಚಿ, ಎದುರಿಗೊಂದು ಮೈಕು. ಅವಳಿಗೆ ಕಿಟಕಿ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ. ಮೈಕೂ ಇಲ್ಲ, ಮತವೂ ಇಲ್ಲ. ಮೊದಲ ಸಭೆಯಲ್ಲಿ ಫೋಟೊ ತೆಗೆದರು. ಮುಂದಿನ ಸಭೆಯಲ್ಲಿ ಸಾರಿಗೆ ಸಮಿತಿಯ ಹಿರಿಯರು, "ಏನಮ್ಮ ಪುಟ್ಟಿ, ಪರೀಕ್ಷೆ ಹೇಗಾಯ್ತು?" ಎಂದು ವಿಚಾರಿಸಿದರು. ಕೆಟ್ಟವರೇನಲ್ಲ, ಅವಳನ್ನು ಕೇಳಲು ಬೇರೇನಾದರೂ ಇದ್ದೀತು ಎಂದು ಅವರಿಗೆ ಹೊಳೆದಿರಲಿಲ್ಲ, ಅಷ್ಟೇ.

ಊರಾಚೆಯ ತರಬೇತಿ ಶಾಲೆಯಲ್ಲಿ ಸಂಜೆ ತರಗತಿ ಬಿಡುವಷ್ಟರಲ್ಲಿ ಕೊನೆಯ ಬಸ್ಸು ಹೋಗಿಬಿಟ್ಟಿರುತ್ತಿತ್ತು. ವೆಲ್ಡಿಂಗ್ ಕಲಿಯುವವರು, ನರ್ಸಿಂಗ್ ಕಲಿಯುವವರು, ಹಗಲೆಲ್ಲ ಅಂಗಡಿಯಲ್ಲಿ ದುಡಿದು ಓದಲು ಬರುವವರು ಮುಚ್ಚಿದ ಕಾರ್ಖಾನೆಯ ಗೋಡೆಗುಂಟ ದೀಪವಿಲ್ಲದ ರಸ್ತೆಯಲ್ಲಿ ಗುಂಪುಕಟ್ಟಿ ನಡೆಯುತ್ತಿದ್ದರು. ಆ ತಿಂಗಳು ನರ್ಸಿಂಗ್ ಹುಡುಗಿಯೊಬ್ಬಳು ಓದನ್ನೇ ಬಿಟ್ಟಳು. ಆ ರಸ್ತೆ ನೆನೆದರೆ ಅವಳ ತಾಯಿಗೆ ಎದೆ ನಡುಕವಂತೆ.

"ನಿನಗೆ ಓಟು ಹಾಕಿದ್ದು ಫೋಟೊಗೆ ನಿಲ್ಲೋಕಾ?" ಎಂದು ವೆಲ್ಡಿಂಗ್ ಕಲಿಯುತ್ತಿದ್ದ ಗೆಳತಿ ಮುಖಕ್ಕೆ ಹೊಡೆದಂತೆ ಕೇಳಿದಳು.

ಪಿಟೀಲು ಅಂದು ಊಟಕ್ಕೆ ಕೂತಾಗ ಮಾತು ತೆಗೆದಳು. ಆ ದಾರಿಯ ಬಸ್ಸಿನ ಚಾಲಕ ಅವಳ ಅಪ್ಪನೇ.

"ಇನ್ನೊಂದು ಬಸ್ಸಾ? ಓಡಿಸೋರು ಯಾರು?"

"ಚಾಲಕರು."

"ಚಾಲಕರು ಏನು ಆಕಾಶದಿಂದ ಉದುರ್ತಾರಾ? ಬೆಳಗಿನ ಜಾವ ಗಾಡಿ ತೆಗೆಯೋನೂ ನಾನೇ, ರಾತ್ರಿ ನಿಲ್ಲಿಸೋನೂ ನಾನೇ ಆಗ್ಬೇಕು. ನನ್ನ ಸೊಂಟ ಏನು ಕಬ್ಬಿಣದ್ದಾ?"

"ಹಾಗಾದ್ರೆ ಅವಳು ಓದು ಬಿಟ್ಟಿದ್ದು ಸರಿನಾ?"

ಅಪ್ಪ ತಟ್ಟೆ ಸರಿಸಿ ಎದ್ದ. "ಊಟದ ಹೊತ್ತಲ್ಲಿ ನಗರಸಭೆ ಬೇಡ," ಎಂದಳು ಅಮ್ಮ.

ಮುಂದಿನ ಸಭೆಯಲ್ಲಿ ಪಿಟೀಲು ಕುರ್ಚಿಯಿಂದೆದ್ದು ಮೇಜಿನ ಬಳಿ ಹೋಗಿ, ಹತ್ತಿರದ ಸದಸ್ಯರ ಮೈಕನ್ನು ಕೇಳಿ ಪಡೆದಳು. ಗೋಡೆ, ಕತ್ತಲು, ಓದು ಬಿಟ್ಟ ಹುಡುಗಿ ಎಲ್ಲವನ್ನೂ ಹೇಳಿದಳು. ಮುಗಿಸಿದಾಗ ಅಧ್ಯಕ್ಷೆ ನಕ್ಕು, "ಎಷ್ಟು ಚೆನ್ನಾಗಿ ಮಾತಾಡಿದೆ!" ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಆಮೇಲೆ ಮಾರುಕಟ್ಟೆಯ ಚರಂಡಿಯ ವಿಷಯ ಎತ್ತಿಕೊಂಡರು.

ಪಿಟೀಲು ನಿಂತೇ ಇದ್ದಳು.

"ಮೇಡಂ, ಚಪ್ಪಾಳೆ ಬೇಡ. ಬಸ್ಸು ಬೇಕು. ಆಗಲ್ಲ ಅಂದ್ರೆ ಯಾಕಾಗಲ್ಲ ಅಂತ ಹೇಳಿ."

ಸಾರಿಗೆ ಸಮಿತಿಯ ಹಿರಿಯರು ಗಂಟಲು ಸರಿಮಾಡಿಕೊಂಡರು. "ಚಾಲಕರು ಒಪ್ಪಲ್ಲ ಕಣಮ್ಮ."

"ಅವರನ್ನ ಕೇಳಿದ್ರಾ?"

ಉತ್ತರ ಬಂದದ್ದು ಹಿಂದಿನಿಂದ, ಸಾರ್ವಜನಿಕರು ಕೂರುವ ಬೆಂಚಿನಿಂದ. ಅಪ್ಪ ಸಮವಸ್ತ್ರದಲ್ಲೇ ಎದ್ದು ನಿಂತಿದ್ದ. ಅವನು ಬಂದದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ಆ ದಾರಿಯ ಚಾಲಕ ನಾನು. ಈ ಹುಡುಗಿಗೆ ಅಪ್ಪನೂ ಹೌದು. ಅವಳು ಹೇಳಿದ್ದು ಸರಿ. ಆದ್ರೆ ನಾನು ಒಪ್ಪಲ್ಲ."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಅಪ್ಪ ನಗಲಿಲ್ಲ. "ಒಪ್ಪಲ್ಲ ಅಂತ ಹೇಳೋಕೂ ನಮ್ಮನ್ನ ಯಾರೂ ಕರೀಲಿಲ್ಲ. ಅದಕ್ಕೇ ನಾನಾಗೇ ಬಂದೆ."

ಪಿಟೀಲಿಗೆ ಮುಖ ಬಿಸಿಯಾಯಿತು. ಹತ್ತು ಜನರೆದುರು ಕಾಲೆಳೆದನಲ್ಲ ಎಂದು ಸಿಟ್ಟು ಬಂತು. ಆದರೆ ಅವನ ಮುಖ ನೋಡುತ್ತಿದ್ದಂತೆ ಸಿಟ್ಟು ನಿಲ್ಲಲಿಲ್ಲ. ತನ್ನನ್ನು ಕೇಳದೆ ತನ್ನ ವಿಷಯ ತೀರ್ಮಾನಿಸುವವರ ಮೇಲೆ ಅವಳಿಗೂ ಇದೇ ಕೋಪವಿತ್ತಲ್ಲ.

"ನಾನೂ ಇವರನ್ನ ಸರಿಯಾಗಿ ಕೇಳ್ಲಿಲ್ಲ," ಎಂದಳು. "ನಾವು ಓದೋರು, ಚಾಲಕರು ಒಟ್ಟಿಗೆ ಕೂತು ಮಾತಾಡಿ ಬರ್ತೀವಿ. ಆಮೇಲೆ ನೀವು ಹೌದು ಅಥವಾ ಇಲ್ಲ ಅನ್ಬೇಕು. ಚಪ್ಪಾಳೆ ತಟ್ಟಿ ಕಳಿಸ್ಬಾರ್ದು."

ಅಧ್ಯಕ್ಷೆ ಕನ್ನಡಕ ತೆಗೆದು ಅವಳನ್ನು ನೋಡಿದರು. "ಆಯ್ತು. ಉತ್ತರ ಕೊಡ್ತೀವಿ," ಎಂದರು. ಈ ಸಲ ಅವರು ನಗಲಿಲ್ಲ.

ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಡೀಸೆಲ್ ವಾಸನೆ, ಎರಡು ಬೆಂಚು, ಸೀಳುಬಿಟ್ಟ ಒಂದು ಸೋಫಾ. ಮೊದಲ ದಿನ ನಡೆದದ್ದು ಬರೀ ಜಗಳ. ಸೀಟಿನ ಮೇಲೆ ಕಾಲಿಡ್ತೀರಿ ಎಂದು ಚಾಲಕರು, ಕೈ ಅಡ್ಡ ಹಿಡಿದರೂ ಗಾಡಿ ನಿಲ್ಲಿಸಲ್ಲ ಎಂದು ಓದುವವರು. ಮರುದಿನ ದನಿಗಳು ತಗ್ಗಿದವು. ಮಧ್ಯಾಹ್ನ ಎರಡು ಬಸ್ಸು ಒಂದರ ಬಾಲ ಇನ್ನೊಂದು ಹಿಡಿದು ಓಡುವುದೇಕೆ ಎಂದು ವೆಲ್ಡಿಂಗ್ ಗೆಳತಿ ಕೇಳಿದಳು. ಆಗ ಹೊಸದಾಗಿ ಸೇರಿದ್ದ ಚಾಲಕಿಯೊಬ್ಬಳು ಬಾಯಿಬಿಟ್ಟಳು: "ಸಂಜೆ ಪಾಳಿ ಕೊಟ್ರೆ ನನಗೇ ಒಳ್ಳೇದು. ಹಗಲು ಮಗುನ ನೋಡ್ಕೊಳ್ಳೋರಿಲ್ಲ, ಸಂಜೆ ಮನೆಯವರು ಬರ್ತಾರೆ." ಮಧ್ಯಾಹ್ನದ ಒಂದು ಸುತ್ತು ಬಿಟ್ಟು, ಅದನ್ನೇ ಸಂಜೆಗೆ ಹಾಕಿದರೆ ಯಾರ ದುಡಿಮೆಯೂ ಉದ್ದವಾಗದು. ಆದರೆ ಹೀಗೆ ಒಪ್ಪಿದವಳು ಅವಳೊಬ್ಬಳೇ. ಅವಳ ಮನೆಯವರು ಸಂಜೆ ಹೊತ್ತಿಗೆ ಬರುವುದು ವಾರಕ್ಕೆ ಮೂರೇ ದಿನ, ಹಾಗಾಗಿ ಅಷ್ಟೇ ದಿನ ಸಾಧ್ಯ ಎಂದಾಯಿತು.

ನಗರಸಭೆ ಒಪ್ಪಿತು. ಸಾರಿಗೆ ಸಮಿತಿಯ ಹಿರಿಯರು ಪಕ್ಕದವರತ್ತ ಒಮ್ಮೆ ನೋಡಿ, ತಡವಾಗಿಯೇ ಆದರೂ ಕೈ ಎತ್ತಿದರು. ಪಿಟೀಲಿಗೆ ಎತ್ತುವ ಹಕ್ಕಿರಲಿಲ್ಲ. ಎರಡೂ ಕೈಯನ್ನು ಮಡಿಲಲ್ಲಿ ಬಿಗಿಹಿಡಿದು ಕೂತಿದ್ದಳು.

ಹೊರಗೆ ಮೆಟ್ಟಿಲಿಳಿಯುವಾಗ ಅಪ್ಪ ಕೇಳಿದ, "ಅವತ್ತು ಎಲ್ಲರ ಮುಂದೆ ಒಪ್ಪಲ್ಲ ಅಂದೆ. ಬೇಜಾರಾಯ್ತಾ?"

"ಆಯ್ತು. ಆದ್ರೆ ನೀನು ಬರದೇ ಇದ್ದಿದ್ರೆ ಅವರು ನನ್ನನ್ನ ಹೊಗಳಿ ಮನೆಗೆ ಹೋಗ್ತಿದ್ರು."

ಅಪ್ಪ ಅವಳ ಚೀಲವನ್ನು ತಾನು ಹೆಗಲಿಗೆ ಹಾಕಿಕೊಂಡ.

ಸಂಜೆಯ ಬಸ್ಸು ಮೊದಲ ದಿನ ತರಬೇತಿ ಶಾಲೆಯ ಮುಂದೆ ಬಂದು ನಿಂತಾಗ ನರ್ಸಿಂಗ್ ಹುಡುಗಿಯೂ ಇದ್ದಳು, ಜೊತೆಗೆ ಅವಳ ತಾಯಿಯೂ. ಈ ಬಸ್ಸನ್ನು ನಂಬಬಹುದೇ ಎಂದು ನೋಡಲೆಂದೇ ತಾಯಿ ಬಂದಿದ್ದಳು. ವೆಲ್ಡಿಂಗ್ ಗೆಳತಿ ಹತ್ತುತ್ತಲೇ ಶುರುಮಾಡಿದಳು: "ಮೂರೇ ದಿನ! ಉಳಿದ ದಿನ ನಾವೇನು ಹಾರ್ಕೊಂಡು ಹೋಗ್ಬೇಕಾ?"

"ಮುಂದಿನ ಸಭೆಗೆ ನೀನೇ ಬಂದು ಕೇಳು," ಎಂದಳು ಪಿಟೀಲು.

"ನಾನಾ? ನನಗೆಲ್ಲಿ ಮಾತು ಬರುತ್ತೆ!"

"ಡಿಪೋದಲ್ಲಿ ಬಂತಲ್ಲ."

ಚಾಲಕಿ ಗೇರು ಬದಲಿಸಿದಳು. ಮುಂದಿನ ಸೀಟಿನಲ್ಲಿ ತಾಯಿ ಕಂಬಿಯನ್ನು ಗಟ್ಟಿಯಾಗಿ ಹಿಡಿದು, ಕಿಟಕಿಯಾಚೆ ಕಾರ್ಖಾನೆಯ ಗೋಡೆ ಹಿಂದೆ ಸರಿಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.