ಸದ್ದಿಲ್ಲದ ಪ್ಯಾಕೆಟ್ಟು

ನಮ್ಮ ಕಾರ್ಖಾನೆಯಲ್ಲಿ ಸದ್ದಿನ ಕೋಣೆ ಅಂತ ಒಂದಿದೆ. ಗೋಡೆ, ಬಾಗಿಲು, ಮೇಲ್ಛಾವಣಿ, ಎಲ್ಲಕ್ಕೂ ದಪ್ಪ ಸ್ಪಂಜು ಹೊದಿಸಿದ್ದಾರೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಹೊರಗೆ ಲೋಕ ಇದೆಯೋ ಇಲ್ಲವೋ ಎಂದು ಅನುಮಾನ ಬರುತ್ತದೆ. ಸ್ವಲ್ಪ ಹೊತ್ತಿಗೆ ನಮ್ಮದೇ ಉಸಿರು ಕೇಳಿಸತೊಡಗುತ್ತದೆ, ಆಮೇಲೆ ಎಂಜಲು ನುಂಗಿದ್ದು, ಆಮೇಲೆ ಕಿವಿಯ ಆಳದಲ್ಲಿ ಎಲ್ಲೋ ನೀರು ಹರಿದಂತೆ ರಕ್ತ ಓಡುವುದು. ಆ ನೀರಿನ ದಡದಲ್ಲಿ ನಿಂತು ನಾನು ಬೆಕ್ಕಿನ ತಿನಿಸಿನ ಪ್ಯಾಕೆಟ್ಟುಗಳನ್ನು ಹಿಸುಕುತ್ತೇನೆ. ಸಂಬಳ ಕೊಡುವುದೇ ಅದಕ್ಕೆ. ಕೇಳಿದವರೆಲ್ಲ ನಗುತ್ತಾರೆ, ನಗಲಿ. ಬೆಕ್ಕಿನ ಹೊಟ್ಟೆ ತುಂಬಿದ ಮೇಲೆ ಆ ಪ್ಯಾಕೆಟ್ಟು ಎಲ್ಲಿಗೆ ಹೋಗುತ್ತದೆ ಎಂದು ಅವರು ಒಂದು ದಿನವಾದರೂ ತಲೆ ಕೆಡಿಸಿಕೊಂಡಿದ್ದರೆ ತಾನೇ.

ನಾನು ಕೆಡಿಸಿಕೊಂಡಿದ್ದೆ. ಹಳೆಯ ಪ್ಯಾಕೆಟ್ಟೆಂದರೆ ಹೊರಗೊಂದು ಪ್ಲಾಸ್ಟಿಕ್ ಪದರ, ನಡುವೆ ಅಲ್ಯೂಮಿನಿಯಂ ಹಾಳೆ, ಒಳಗೆ ಮತ್ತೊಂದು ಪ್ಲಾಸ್ಟಿಕ್. ಮೂರನ್ನೂ ಅಂಟಿಸಿಬಿಟ್ಟರೆ ಬ್ರಹ್ಮ ಬಂದರೂ ಬೇರೆ ಮಾಡಲಾರ. ಗುಜರಿಯವರು ಮುಟ್ಟುವುದಿಲ್ಲ, ಮಣ್ಣು ಒಪ್ಪುವುದಿಲ್ಲ. ಬೆಕ್ಕು ತಿಂದು ಮೂತಿ ಒರೆಸಿಕೊಳ್ಳುವಷ್ಟರಲ್ಲಿ ಅದರ ಕೆಲಸ ಮುಗಿಯುತ್ತದೆ, ಆಯುಸ್ಸು ಮಾತ್ರ ಮರಿಮಕ್ಕಳ ಕಾಲದವರೆಗೆ. ಊರಾಚೆಯ ಕಸದ ಗುಡ್ಡದ ಮೇಲೆ ಬಿಸಿಲು ಬಿದ್ದಾಗ ಅವು ಮೀನಿನ ಹಿಂಡಿನ ಹಾಗೆ ಮಿನುಗುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಚೆಂದವಾಗಿ ಕಾಣುತ್ತಿತ್ತು. ಚೆಂದ ಕಂಡಿತಲ್ಲ ಎಂದೇ ನನಗೆ ಸಂಕಟವಾಯಿತು.

ಮಾರಾಟ ವಿಭಾಗದ ಮುಖ್ಯಸ್ಥೆಗೆ ನಾವಿಟ್ಟ ಹೆಸರು ಟ್ರೆಂಡಮ್ಮ. ಎದುರಿಗಲ್ಲ, ಬೆನ್ನ ಹಿಂದೆ. ಆಕೆ ಬಾಯಿ ಬಿಟ್ಟರೆ ಈಗ ಏನು ಓಡುತ್ತಿದೆ ಎಂಬುದೇ ಮಾತು. ಒಮ್ಮೆ ಪ್ಯಾಕೆಟ್ಟಿಗೆ ಕಿಟಕಿ ಬೇಕು, ಒಳಗಿನ ಕಾಳು ಕಾಣಬೇಕು ಎಂದಳು. ಇನ್ನೊಮ್ಮೆ ಹೊಳಪು ಬೇಡ, ಮಣ್ಣಿನ ಬಣ್ಣ ಬೇಕು, ಮೂಲೆಯಲ್ಲೊಂದು ಹಸಿರು ಎಲೆ ಬರೆಯಿರಿ ಎಂದಳು. ಒಳಗೆ ಅದೇ ಅಲ್ಯೂಮಿನಿಯಂ ಇಟ್ಟುಕೊಂಡು ಹೊರಗೆ ಎಲೆ ಬರೆದರೆ ಯಾರ ಕಣ್ಣಿಗೆ ಮಣ್ಣೆರಚಿದಂತಾಯಿತು ಎಂದು ನಾನು ಮೀಟಿಂಗಿನಲ್ಲೇ ಜಗಳಕ್ಕೆ ನಿಂತೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಅದನ್ನು ಎಲ್ಲರೂ ಬಲ್ಲರು. ದೊಡ್ಡ ಸಾಹೇಬರು ಇಬ್ಬರ ಮುಖವನ್ನೂ ನೋಡಿ, ಹಾಗಾದರೆ ಒಳಗೂ ಎಲೆಯೇ ಇರುವಂಥದ್ದನ್ನು ಮಾಡಿ ತೋರಿಸು ಎಂದು ಕೆಲಸವನ್ನು ನನ್ನ ತಲೆಗೇ ಕಟ್ಟಿದರು.

ಮಾಡಿದೆ. ಗಿಡದ ಪಿಷ್ಟದಿಂದ ಮೊದಲು ಮಾಡಿದ ಹಾಳೆ ಮಣ್ಣಿನಲ್ಲಿ ಕರಗುತ್ತಿತ್ತು ನಿಜ, ಆದರೆ ಅದರ ಸದ್ದು ದೇವರಿಗೇ ಪ್ರೀತಿ. ಮುಟ್ಟಿದರೆ ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ. ಕೊಂಡವರು ಬಾಯಿಗೆ ಬಂದಂತೆ ಬೈದರು. ಮಲಗಿದ್ದ ಮಗು ಎದ್ದುಬಿಟ್ಟಿತು ಎಂದು ಒಬ್ಬಾಕೆ ಫೋನಿನಲ್ಲಿ ಅತ್ತೇಬಿಟ್ಟಳು. ಟ್ರೆಂಡಮ್ಮನ ಮುಖ ಅರಳಿತು, ನನಗೆ ಹಟ ಹಿಡಿಯಿತು. ಹಾಳೆಗೆ ನಾರು ಸೇರಿಸಿದೆ, ಅಂಟು ಬದಲಿಸಿದೆ, ಬಿಸಿ ಉರುಳೆಗಳ ನಡುವೆ ಹಾಯಿಸಿದೆ, ಸದ್ದಿನ ಕೋಣೆಗೂ ಯಂತ್ರಕ್ಕೂ ನಡುವೆ ಓಡಾಡಿ ಚಪ್ಪಲಿ ಸವೆಸಿದೆ. ಕೊನೆಗೆ ಒಂದು ದಿನ ಹಿಸುಕಿದಾಗ ಏನೂ ಕೇಳಿಸಲಿಲ್ಲ. ಕೈಯಲ್ಲಿ ಇದ್ದದ್ದು ಒಗೆದೊಗೆದು ಮೆತ್ತಗಾದ ಹತ್ತಿ ಬಟ್ಟೆಯೋ ಎಂಬಂತಿತ್ತು. ನನ್ನ ರಕ್ತದ ಸದ್ದೇ ಅದಕ್ಕಿಂತ ಜೋರಾಗಿತ್ತು. ಆ ಕೋಣೆಯಲ್ಲಿ ಒಬ್ಬಳೇ ನಿಂತು ನಕ್ಕೆ, ಆ ನಗುವನ್ನೂ ಸ್ಪಂಜು ನುಂಗಿಕೊಂಡಿತು.

ಹೊಸ ಪ್ಯಾಕೆಟ್ಟು ಅಂಗಡಿಗಳಿಗೆ ಹೋಯಿತು. ಹಳೆಯವನ್ನೆಲ್ಲ ವಾಪಸು ತರಿಸಿದೆವು. ಪ್ಯಾಕೆಟ್ಟುಗಳ ಮೊದಲ ಪೆಟ್ಟಿಗೆಯನ್ನು ನಾನು ಹೆಮ್ಮೆಯಿಂದ ಮನೆಗೇ ಹೊತ್ತೊಯ್ದೆ, ಏಕೆಂದರೆ ಮನೆಯಲ್ಲೊಂದು ಬೆಕ್ಕಿತ್ತು. ಬೂದಿ ಬಣ್ಣದ್ದು, ವಯಸ್ಸಾದದ್ದು. ಅದು ನಮ್ಮತ್ತೆಯದು, ಸರಿಯಾಗಿ ಹೇಳಬೇಕೆಂದರೆ ಮಾವನದು. ಅತ್ತೆ, ಮಾವ ಬೇರೆ ಊರಿನಲ್ಲಿದ್ದಾಗ ಅದು ಎಲ್ಲಿಂದಲೋ ಬಂದು ಮಾವನ ಕುರ್ಚಿ ಹಿಡಿದಿತ್ತಂತೆ. ಮಾವನನ್ನು ನಾನು ಕಂಡದ್ದು ಮದುವೆಯಲ್ಲೊಮ್ಮೆ, ಆಸ್ಪತ್ರೆಯಲ್ಲೊಮ್ಮೆ. ಅವರು ತೀರಿಕೊಂಡ ಮೇಲೆ ಅತ್ತೆ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ನಮ್ಮಲ್ಲಿಗೆ ಬಂದರು. ಅಂದಿನಿಂದ ಅವರ ಮಾತಿಗೆ ಬೀಗ. ಬಂದೆಯಾ, ಊಟ ಮಾಡು, ದೀಪ ಆರಿಸು, ಇಷ್ಟರಲ್ಲೇ ದಿನ ಮುಗಿಸುವರು. ಗಂಡನ ಎದುರು ನಾನು ಗೊಣಗಿದ್ದೂ ಉಂಟು, ನಿಮ್ಮಮ್ಮನಿಗೆ ನಾನು ಗೋಡೆಯೋ ಮನುಷ್ಯಳೋ ಅಂತ.

ಬೆಕ್ಕಿನ ಜೊತೆಗಂತೂ ಅಷ್ಟು ಮಾತೂ ಇರಲಿಲ್ಲ. ಅದು ಹಗಲೆಲ್ಲ ಅಕ್ಕಪಕ್ಕದ ಮಾಳಿಗೆಗಳ ಮೇಲೆ ತನ್ನ ಪಾಡಿಗೆ ಅಲೆಯುತ್ತಿತ್ತು. ಸಂಜೆ ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ನಿಂತು ಪ್ಯಾಕೆಟ್ಟನ್ನು ಒಮ್ಮೆ ಕರಕರ ಅನ್ನಿಸುತ್ತಿದ್ದರು, ಅಷ್ಟೆ. ಬಾಲ ನೆಟ್ಟಗೆ ಮಾಡಿಕೊಂಡು ಕಾಂಪೌಂಡಿನ ಮೇಲೆ ಅದು ಹಾಜರ್. ಹೊಸ ಪ್ಯಾಕೆಟ್ಟನ್ನು ಕೈಗೆ ಕೊಟ್ಟಾಗ ಅತ್ತೆ ಹೆಬ್ಬೆರಳಲ್ಲಿ ಸವರಿ ನೋಡಿ, ಮೆತ್ತಗಿದೆ, ಒಳ್ಳೆ ಕೆಲಸ ಎಂದರು. ಅವರ ಬಾಯಿಂದ ಬಂದ ಆ ಎರಡು ಮಾತು ನನಗೆ ಪದಕ ಸಿಕ್ಕಷ್ಟಾಯಿತು.

ಬೆಕ್ಕು ಆಮೇಲಾಮೇಲೆ ಊಟಕ್ಕೆ ತಡ ಮಾಡತೊಡಗಿತು. ಕೆಲವು ದಿನ ಕತ್ತಲಾದ ಮೇಲೆ ಬಂತು, ಕೆಲವು ದಿನ ಬೆಳಿಗ್ಗೆ. ನಾನು ಗಮನ ಕೊಡಲಿಲ್ಲ. ಆಫೀಸಿನಲ್ಲಿ ಎಲ್ಲರೂ ಭೇಷ್ ಭೇಷ್ ಅನ್ನುತ್ತಿದ್ದರು, ನಾನು ಒಂದು ಗೇಣು ಮೇಲೆ ತೇಲುತ್ತಿದ್ದೆ. ಕೊನೆಗೊಂದು ದಿನ ಅದು ಬರಲೇ ಇಲ್ಲ. ಮರುದಿನವೂ ಇಲ್ಲ. ನನ್ನ ಗಂಡ ಬೀದಿಯುದ್ದಕ್ಕೂ ಬಟ್ಟಲಿಗೆ ಚಮಚ ಬಡಿದುಕೊಂಡು ಹೋದರು. ಆದರೆ ಬಟ್ಟಲು, ಚಮಚ ಎಲ್ಲರ ಮನೆಯಲ್ಲೂ ಬಡಿಯುತ್ತಲೇ ಇರುತ್ತವೆ, ಅದಕ್ಕೆ ಯಾವ ಬೆಕ್ಕು ಕಿವಿಗೊಡುತ್ತದೆ. ಆಮೇಲೆ ಫೋಟೋ ಹಾಕಿ ಕಂಬಗಳಿಗೆ ಅಂಟಿಸೋಣ ಎಂದು ಕೂತು, ಅದರ ಹೆಸರೇನು ಎಂದು ಅಮ್ಮನನ್ನು ಕೇಳಿದರು. ಅತ್ತೆ ಹೆಸರಿಲ್ಲ ಎಂದರು. ಅಪ್ಪ ಏನೋ ಅಂತ ಕೂಗುತ್ತಿದ್ದರಂತಲ್ಲ ಎಂದರೆ, ಇಲ್ಲ ಅಂದೆನಲ್ಲ ಎಂದು ಎದ್ದು ಹೋದರು.

ಆ ಸಂಜೆ ನಾನು ಕೆಲಸದಿಂದ ಬಂದಾಗ ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ಬೆನ್ನು ಮಾಡಿ ನಿಂತಿದ್ದರು. ಕೈಯಲ್ಲಿ ನನ್ನ ಪ್ಯಾಕೆಟ್ಟು. ಅದನ್ನು ಹಿಸುಕುತ್ತಿದ್ದರು, ಹಿಂಡುತ್ತಿದ್ದರು, ಕಿವಿಯ ಹತ್ತಿರ ಹಿಡಿದು ನೋಡುತ್ತಿದ್ದರು, ಮತ್ತೆ ಗೋಡೆಯ ಕಡೆಗೆ ಚಾಚಿ ಹಿಸುಕುತ್ತಿದ್ದರು. ಒಂದಿಷ್ಟೂ ಸದ್ದಿಲ್ಲ. ಸದ್ದಿನ ಕೋಣೆಯೇ ನಮ್ಮ ಹಿತ್ತಿಲಿಗೆ ಬಂದು ನಿಂತ ಹಾಗಿತ್ತು. ನನಗೆ ಆಗ ಹೊಳೆಯಿತು. ಆ ಬೆಕ್ಕನ್ನು ಇಷ್ಟು ದಿನ ಕರೆಯುತ್ತಿದ್ದದ್ದು ಪ್ಯಾಕೆಟ್ಟು, ಅದರ ಬಾಯಿ ಹೊಲಿದವಳು ನಾನು. ತಾಯಂದಿರಿಂದ ಹಿಡಿದು ಮುದುಕರವರೆಗೆ ಎಲ್ಲರ ಕೈಗೂ ಕೊಟ್ಟು ಸದ್ದು ಹೇಗಿದೆ ಎಂದು ಕೇಳಿದ್ದೆವು. ತಿನ್ನುವವರ ಕಿವಿಯನ್ನು ಮಾತ್ರ ವಿಚಾರಿಸಿರಲಿಲ್ಲ.

ಹೋಗಿ ಪಕ್ಕದಲ್ಲಿ ನಿಂತು ವಿಷಯ ಹೇಳಿದೆ. ಬೈಯಲಿ ಎಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅತ್ತೆ ಪ್ಯಾಕೆಟ್ಟನ್ನು ನೀಟಾಗಿ ಮಡಿಸಿದರು.

"ಅವರದ್ದು ಅಂತ ಉಳಿದಿದ್ದು ಅದೊಂದೇ ಆಗಿತ್ತು," ಎಂದರು.

ಆ ಬೆಕ್ಕು ಸಿಗದಿದ್ದರೆ ಈ ಹೆಂಗಸು ಇನ್ನು ಆ ನಾಲ್ಕು ಮಾತನ್ನೂ ಆಡುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಅವರು ಅನ್ನವನ್ನು ಬರೀ ಕಲಸಿ ಬಿಡತೊಡಗಿದ್ದರು. ಸಂಜೆಯಾದರೆ ಬೆಕ್ಕಿನ ಖಾಲಿ ಬಟ್ಟಲನ್ನು ತೊಳೆದು ಕವುಚಿಡುತ್ತಿದ್ದರು.

ನಮ್ಮಲ್ಲಿ ಸ್ಯಾಂಪಲ್ ಕಪಾಟು ಅಂತ ಇದೆ. ಕಾರ್ಖಾನೆ ಶುರುವಾದಾಗಿನಿಂದ ಮಾಡಿದ ಪ್ರತಿಯೊಂದು ಪ್ಯಾಕೆಟ್ಟಿನದೂ ಒಂದೊಂದನ್ನು ಕಾಳು ತುಂಬಿಯೇ ಅಲ್ಲಿ ಇಡುತ್ತಾರೆ, ಸಾವಿಲ್ಲದ ಪ್ಯಾಕೆಟ್ಟುಗಳ ಅನಾಥಾಲಯ. ಅದರ ಕಾವಲಿಗಿರುವ ಯಜಮಾನರು ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿದ್ದನ್ನು ಯಾರೂ ಕಂಡಿಲ್ಲ. ಹಳೆಯ ಪ್ಯಾಕೆಟ್ಟು ಇರುವುದು ಇನ್ನು ಅದೊಂದೇ, ಕೊಡಲಿಕ್ಕಾಗದು ಎಂದು ಅವರು ಖಡಾಖಂಡಿತವಾಗಿ ಹೇಳಿದರು. ನಾನು ಬೆಕ್ಕಿನ ಕಥೆ ಹೇಳಿದೆ. ಜಗಳಗಂಟಿ ಹೀಗೆ ಬೇಡಿಕೊಳ್ಳುವುದನ್ನು ಅವರು ಮೊದಲ ಸಲ ನೋಡಿರಬೇಕು. ಕಪಾಟು ತೆರೆದು, ನಾನು ನೀರು ಕುಡಿದು ಬರುತ್ತೇನೆ ಎಂದು ಆಚೆ ಹೋದರು. ಬರಲು ಬಹಳ ಹೊತ್ತು ಮಾಡಿದರು.

ಭಾನುವಾರ ಮಧ್ಯಾಹ್ನ ಅತ್ತೆಯನ್ನು ಕರೆದುಕೊಂಡು ಹೊರಟೆ. ಬೀದಿಗೆ ಬೀದಿಯೇ ಉಂಡು ಮಲಗಿತ್ತು. ಮೋಡದ ಹಿಂದಿನ ಬಿಸಿಲು ಹಾಲಿನ ಕೆನೆಯ ಹಾಗೆ ಗೋಡೆಗಳ ಮೇಲೆ ಕೂತಿತ್ತು. ತೆರೆದ ಕಿಟಕಿಗಳಲ್ಲಿ ಪರದೆಗಳು ಉಬ್ಬಿ ಇಳಿಯುತ್ತಿದ್ದವು, ಮನೆಗಳೇ ಉಸಿರಾಡುತ್ತಿವೆಯೋ ಅನ್ನಿಸುತ್ತಿತ್ತು. ನಮ್ಮ ಹೆಜ್ಜೆಯೂ ನಮಗೆ ಕೇಳಿಸದಷ್ಟು ಮಂಪರು. ನಾನು ಪ್ಯಾಕೆಟ್ಟನ್ನು ಎತ್ತಿ ಹಿಡಿದು ಹಿಸುಕಿದೆ. ಕರಕರ. ಆ ಸದ್ದನ್ನು ಮರೆತೇಬಿಟ್ಟಿದ್ದೆ. ಒಣ ಎಲೆಯ ಮೇಲೆ ಯಾರೋ ಆತುರವಾಗಿ ಓಡಿ ಬಂದ ಹಾಗಿತ್ತು.

ನಿಂತ ಕಾರಿನ ಅಡಿಯಿಂದ ಒಂದು ಬಿಳಿ ಬೆಕ್ಕು ಹೊರಬಂತು. ತಗಡಿನ ಮೇಲಿಂದ ಒಂದು ಕಪ್ಪು ಇಳಿಯಿತು. ಕಿಟಕಿಯ ಸರಳಿನಿಂದ ಒಂದು, ಚರಂಡಿಯ ಕಲ್ಲಿನಿಂದ ಒಂದು, ಕೊರಳಿಗೆ ಗಂಟೆ ಕಟ್ಟಿಸಿಕೊಂಡ ಶ್ರೀಮಂತರ ಮನೆಯದೊಂದು. ಹಿಸುಕಿದಷ್ಟೂ ಬಂದವು. ಯಾವುದೂ ಕೂಗಲಿಲ್ಲ, ಜಗಳವಾಡಲಿಲ್ಲ. ಮೆಲ್ಲಗೆ ಬಂದು ಕಾಂಪೌಂಡಿನ ಮೇಲೆ ಸಾಲಾಗಿ ಕೂತು, ನಿದ್ದೆಗಣ್ಣಿನಲ್ಲಿ ಎದ್ದ ಮಕ್ಕಳ ಹಾಗೆ ನನ್ನ ಕೈಯನ್ನೇ ನೋಡಿದವು. ಈ ಬೀದಿಯ ಅಷ್ಟೂ ಬೆಕ್ಕುಗಳು ಇಷ್ಟು ದಿನ ಒಂದು ಕರೆಗಾಗಿ ಕಾದಿದ್ದವು ಎಂದು ನನಗೆ ಗೊತ್ತಾದದ್ದು ಆಗಲೇ. ಎಲ್ಲ ಬಣ್ಣದವೂ ಇದ್ದವು, ನಮ್ಮ ಬೂದಿ ಬಣ್ಣದ್ದೊಂದು ಇರಲಿಲ್ಲ. ಇನ್ನೂ ಜೋರಾಗಿ ಹಿಸುಕಿದೆ, ಇನ್ನೂ ಜೋರಾಗಿ. ಪ್ಯಾಕೆಟ್ಟು ಹರಿದು ಕಾಳೆಲ್ಲ ರಸ್ತೆಗೆ ಸುರಿಯಿತು. ಬೆಕ್ಕುಗಳು ಇಳಿದು ನನ್ನ ಕಾಲ ಸುತ್ತ ತಿನ್ನತೊಡಗಿದವು. ಹರಕು ಹಾಳೆ ಹಿಡಿದು ನಿಂತು ನಾನು ಅತ್ತುಬಿಟ್ಟೆ.

ಅತ್ತೆ ನನ್ನ ಮೊಣಕೈ ಹಿಡಿದು ಈಚೆ ಕರೆತಂದರು. ಇದು ಎಲ್ಲರನ್ನೂ ಕರೆಯುವ ಸದ್ದು, ನಮ್ಮದು ಮೊದಲಿನಿಂದಲೂ ಗುಂಪು ಕಂಡರೆ ಹತ್ತಿರ ಸುಳಿಯುವುದಿಲ್ಲ ಎಂದರು. ಹಾಗಾದರೆ ನೀವೇ ಒಮ್ಮೆ ಬಾಯಿಬಿಟ್ಟು ಕರೆಯಿರಿ ಎಂದೆ, ಸಿಟ್ಟೂ ಅಳುವೂ ಸೇರಿದ ದನಿಯಲ್ಲಿ. ಅವರು ಮುಂದೆ ನಡೆದರು. ಬೀದಿ ತಿರುಗಿ, ಬೆಕ್ಕುಗಳೆಲ್ಲ ಮರೆಯಾಗಿ, ಬಾಗಿಲು ಹಾಕಿದ ಅಂಗಡಿಗಳ ಸಾಲು ಶುರುವಾದ ಮೇಲೆ ನಿಂತರು.

"ಅದಕ್ಕೆ ಹೆಸರಿದೆ," ಎಂದರು. "ಮೊದ್ಲು ಅದು ನನ್ನ ಹೆಸರು. ಮದುವೆ ಹೊಸದ್ರಲ್ಲಿ ನಿಮ್ಮ ಮಾವ ನನ್ನನ್ನ ಬೆಡಗಿ ಅಂತಿದ್ರು. ಬೆಕ್ಕು ಬಂದ್ಮೇಲೆ ಅದಕ್ಕೂ ಅದೇ ಇಟ್ರು. ಬಾಗಿಲಲ್ಲಿ ನಿಂತು ಅವರು ಬೆಡಗೀ ಅಂದ್ರೆ ನಾವಿಬ್ರೂ ತಿರುಗ್ತಿದ್ವಿ."

ನಾನು ಕಣ್ಣೊರೆಸಿಕೊಳ್ಳುವುದನ್ನು ಮರೆತು ಕೇಳುತ್ತಿದ್ದೆ. ಮಗ ಬಂದಾಗ ನಾಚಿಕೆಗೆ ಇಬ್ಬರೂ ಅದನ್ನು ಬರೀ ಬೆಕ್ಕು ಅನ್ನುತ್ತಿದ್ದರಂತೆ.

"ಅವರು ಕರೀತಿದ್ದಿದ್ದನ್ನ ನನ್ನ ಬಾಯಿಂದ ಕರೆದುಬಿಟ್ರೆ, ಇನ್ನು ಅವರು ಕರೆಯಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಲ್ವಾ," ಎಂದರು ಅತ್ತೆ.

ಸಮಾಧಾನ ಹೇಳುವುದು ನನಗೆ ಬಾರದ ವಿದ್ಯೆ. ಅವರ ಕೈ ಹಿಡಿದುಕೊಂಡೆ. ಆ ಕೈ ಬೆಚ್ಚಗಿತ್ತು. ಬೀದಿಯಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಮೊದಲ ಸಲ ಬರೀ ಉಸಿರು ಹೊರಟಿತು. ಅತ್ತೆ ಗಂಟಲು ಸರಿಮಾಡಿಕೊಂಡು ಮತ್ತೆ ಕರೆದರು. ಈ ಸಲ ಅದು ಅವರ ದನಿಯಾಗಿರಲಿಲ್ಲ. ಸ್ವಲ್ಪ ರಾಗ, ಸ್ವಲ್ಪ ಚೇಷ್ಟೆ, ಕೊನೆಯ ಅಕ್ಷರವನ್ನು ಸುಮ್ಮನೆ ಎಳೆದು ಬಿಡುವ ಒಂದು ಗಂಡಸಿನ ಬಿಂಕ. ನಾನು ಎರಡೇ ಸಲ ಕಂಡಿದ್ದ ಮಾವ ಆ ಬೀದಿಯ ಮಧ್ಯದಲ್ಲಿ ನಿಂತು ಕೂಗಿದ ಹಾಗೆ ಕೇಳಿಸಿತು.

"ಬೆಡಗೀ..."

ಮುಚ್ಚಿದ ಅಂಗಡಿಯೊಂದರ ತಗಡಿನ ಮೇಲೆ ಬೂದಿ ಬಣ್ಣದ ತಲೆಯೊಂದು ಎದ್ದು ನಮ್ಮ ಕಡೆ ತಿರುಗಿತು. ನಾನು ಸಂತೋಷದಿಂದ ಅತ್ತೆಯ ಕೈ ಜಗ್ಗಿದೆ. ಅತ್ತೆ ಅತ್ತ ನೋಡುತ್ತಲೇ ಇರಲಿಲ್ಲ. ಅವರೂ ತಿರುಗಿದ್ದರು, ಹಿಂದಕ್ಕೆ, ಕೂಗು ಬಂದ ಕಡೆಗೆ ತಿರುಗುವ ಹೊಸ ಮದುಮಗಳ ಹಾಗೆ ಸರಕ್ಕನೆ.

ಹಿಂದೆ ಕೆನೆ ಬಿಸಿಲಿನ ಖಾಲಿ ಬೀದಿ ಇತ್ತು. ಬೆಕ್ಕು ಕೆಳಗಿಳಿದು ಬಂದು ಅವರ ಕಾಲಿಗೆ ಮೈ ಉಜ್ಜತೊಡಗಿತು. ಅತ್ತೆ ಇನ್ನೂ ಸ್ವಲ್ಪ ಹೊತ್ತು ಹಾಗೇ ನೋಡುತ್ತ ನಿಂತಿದ್ದರು.