ಪಕ್ಕದ ಸೀಟಿನ ದೀಪ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಆದರೆ ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರಿಗೂ ಅವನು ಫ್ಯೂಸಣ್ಣ. ಕಾರುಗಳ ವೈರಿಂಗ್ ಕೆಲಸದವನು ಎಂಬುದು ಆ ಹೆಸರಿಗೆ ಅರ್ಧ ಕಾರಣ. ಯಾರಾದರೂ ಒಂದು ಮಾತು ಹೆಚ್ಚಿಗೆ ಆಡಿದರೆ ಸಾಕು, ಅವನ ತಾಳ್ಮೆ ಟಪ್ಪೆಂದು ಹೋಗುತ್ತಿತ್ತು ಎಂಬುದು ಉಳಿದರ್ಧ. ಕೋಪ ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿತ್ತು. ಕೈ ಮಾತ್ರ ಬಂಗಾರ. ಅವನು ಬಿಚ್ಚಿ ಜೋಡಿಸಿದ ಡ್ಯಾಶ್‌ಬೋರ್ಡನ್ನು ಕಂಪನಿಯವರೇ ಬಂದು ನೋಡಿದರೂ ಎಲ್ಲಿ ಬಿಚ್ಚಿದ್ದು ಎಂದು ಹೇಳಲಾರರು.

ಅವನ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ದಾರಿ ತೋರಿಸುವ ನ್ಯಾವಿಗೇಶನ್ ಸೆಟ್ ಹಾಕಿಸಿಕೊಂಡವರು ಯಾರೇ ಆಗಲಿ, ಗಾಡಿ ಒಯ್ಯುವಾಗ ಮನೆಯ ವಿಳಾಸವನ್ನು ತಮ್ಮ ಬಾಯಿಂದಲೇ ಹೇಳಬೇಕು. ಫ್ಯೂಸಣ್ಣ ಅದನ್ನು ‘ಮನೆ’ ಎಂದು ಸೆಟ್ಟಿಗೆ ತುಂಬಿಸಿ, ಪಕ್ಕದ ಸೀಟಿನಲ್ಲಿ ಕೂತು, ಸೆಟ್ ಹೇಳಿದ ದಾರಿಯಲ್ಲೇ ಅವರ ಬಾಗಿಲವರೆಗೂ ಹೋಗಿ, ಆಮೇಲೆ ಬಸ್ಸು ಹಿಡಿದು ವಾಪಸು ಬರುವನು. ಹಿಂದೊಮ್ಮೆ ಬಿಲ್ಲಿನಲ್ಲಿದ್ದ ವಿಳಾಸವನ್ನು ಕಣ್ಣುಮುಚ್ಚಿ ತುಂಬಿಸಿದ್ದಕ್ಕೆ ಗಿರಾಕಿಯೊಬ್ಬನ ಕಾರು ಅವನ ಮನೆಯ ಬದಲು ಅತ್ತೆ ಮನೆ ಮುಂದೆ ಹೋಗಿ ನಿಂತಿತ್ತು. ಆತ ಅದನ್ನು ಊರೆಲ್ಲ ಹೇಳಿಕೊಂಡು ನಕ್ಕಿದ್ದ. ಅಂದಿನಿಂದ ಈ ಪದ್ಧತಿ. ಮನೆ ಮುಟ್ಟಿಸಿದ ಮೇಲೆಯೇ ಕೆಲಸ ಮುಗಿದ ಲೆಕ್ಕ ಎನ್ನುತ್ತಿದ್ದ ಫ್ಯೂಸಣ್ಣ.

ಹಲ್ಲಿನ ಡಾಕ್ಟರು ಆ ಅಂಗಡಿಗೆ ಬಂದದ್ದು ಒಂದು ಮಧ್ಯಾಹ್ನ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ. ಪಕ್ಕದಲ್ಲಿ ಮಗಳು. ಕಾರಿಗೆ ಇಪ್ಪತ್ತು ವರ್ಷವಾಗಿದ್ದರೂ ಮೈಮೇಲೆ ಒಂದು ಗೀರಿರಲಿಲ್ಲ. ಡಾಕ್ಟರಿಗೆ ಎಪ್ಪತ್ತು ದಾಟಿತ್ತು, ಇಸ್ತ್ರಿ ಮಾಡಿದ ಅಂಗಿ, ನೆಟ್ಟಗಿನ ಬೆನ್ನು. ಫ್ಯೂಸಣ್ಣ ಅವರನ್ನು ನೋಡಿದ ಕೂಡಲೇ ಎದ್ದು ನಿಂತ. ಅವನು ಹತ್ತು ವರ್ಷದವನಿದ್ದಾಗ ಇದೇ ಡಾಕ್ಟರು ಅವನ ಎರಡು ದವಡೆ ಹಲ್ಲುಗಳನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿದ್ದರು. ಅಷ್ಟು ನಾಜೂಕಿನ ಕೈಯನ್ನು ಅವನು ಮತ್ತೆ ಕಂಡಿರಲಿಲ್ಲ. ತನ್ನ ಸ್ವಂತ ಕೈಯನ್ನು ಬಿಟ್ಟರೆ ಎಂದು ಅವನೇ ಸೇರಿಸುತ್ತಿದ್ದ, ಅದು ಬೇರೆ ಮಾತು.

ಬಂದ ವಿಷಯ ಸರಳವಾಗಿತ್ತು. ಕಾರಿಗೊಂದು ನ್ಯಾವಿಗೇಶನ್ ಬೇಕು. ಯಾವುದು ಎಂಬುದರಲ್ಲಿ ಅಪ್ಪ ಮಗಳಿಗೆ ಒಮ್ಮತವಿರಲಿಲ್ಲ.

ಈ ಮಾದರಿಗೆಂದೇ ಕಂಪನಿಯವರು ಆ ಕಾಲದಲ್ಲಿ ಒಂದು ಸೆಟ್ ಮಾಡಿದ್ದರು. ಬೇಕಾದವರು ಹಾಕಿಸಿಕೊಳ್ಳಬಹುದಿತ್ತು, ಬೇಡವೆಂದವರ ಕಾರಿನಲ್ಲಿ ಆ ಜಾಗಕ್ಕೆ ಒಂದು ಕರೀ ಪ್ಲಾಸ್ಟಿಕ್ ಮುಚ್ಚಳ ಬಡಿದು ಕೊಡುತ್ತಿದ್ದರು. ಡಾಕ್ಟರು ಬೇಡವೆಂದಿದ್ದರು. ಯಾಕೆಂದು ಶೋರೂಮಿನವನು ಕೇಳಿದ್ದಕ್ಕೆ ಹೆಂಡತಿಯನ್ನು ತೋರಿಸಿ, ನಮ್ಮಲ್ಲಿ ಆಗಲೇ ಒಂದಿದೆ, ಮಾತೂ ಆಡುತ್ತೆ, ಬೈಯುತ್ತೆ ಕೂಡ ಎಂದು ನಗಿಸಿದ್ದರಂತೆ. ಗಂಡ ಹೆಂಡತಿ ಇಬ್ಬರಿಗೂ ಕಾರ್ ರ್ಯಾಲಿಯ ಹುಚ್ಚು. ರಜೆ ಬಂತೆಂದರೆ ಅವರು ಓಡಿಸಬೇಕು, ಆಕೆ ತೊಡೆಯ ಮೇಲೆ ದಾರಿಯ ಕಾಗದ ಹರಡಿಕೊಂಡು ಎಡ, ಬಲ, ಇನ್ನೂರು ಗಜ, ತಿರುವು ಎಂದು ಓದಬೇಕು. ಸಂಜೆಗತ್ತಲಲ್ಲಿ ಓದಲೆಂದು ಪಕ್ಕದ ಸೀಟಿನ ಎದುರಿಗೆ, ಡ್ಯಾಶ್‌ಬೋರ್ಡಿನ ಮೇಲೆ, ಬಾಗುವ ಕತ್ತಿನ ಒಂದು ಪುಟ್ಟ ದೀಪ ಹಾಕಿಸಿಕೊಂಡಿದ್ದರು. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ದೀಪ ಇನ್ನೂ ಉರಿಯುತ್ತಿತ್ತು.

“ನಲವತ್ತು ವರ್ಷ ರಸ್ತೆ ನೋಡಿದ್ದು ನಾನು, ದಾರಿ ನೋಡಿದ್ದು ಅವಳು,” ಎಂದರು ಡಾಕ್ಟರು. “ಈಗ ರಸ್ತೆ ಕಾಣುತ್ತಪ್ಪ, ದಾರಿ ಕಾಣಲ್ಲ.”

ಫ್ಯೂಸಣ್ಣನಿಗೆ ಇದು ಹೆಂಡತಿ ಕಳೆದುಕೊಂಡವರ ದುಃಖದ ಮಾತಾಗಿ ಕೇಳಿಸಿತು. ಹೌದು, ದುಃಖದ್ದೇ. ಆದರೆ ಅದರೊಳಗೆ ಇನ್ನೊಂದು ಸಂಗತಿಯಿದ್ದದ್ದು ಅವನಿಗೆ ತಿಳಿಯಲಿಲ್ಲ.

ಅವನು ಎರಡನ್ನೂ ವಿವರಿಸಿದ. ಕಂಪನಿ ಸೆಟ್ ಹಳೇ ಸಾಮಾನಿನ ವ್ಯಾಪಾರಿಗಳಲ್ಲಿ ಸಿಕ್ಕೀತು. ಮುಚ್ಚಳ ತೆಗೆದರೆ ಆ ಜಾಗಕ್ಕೆ ಅಳತೆ ಮಾಡಿದಂತೆ ಕೂರುತ್ತದೆ. ಪರದೆ ಚಿಕ್ಕದು, ಒಳಗಿನ ನಕ್ಷೆ ಕಾರಿನಷ್ಟೇ ಹಳೆಯದು. ಬೇರೆ ಕಂಪನಿಗಳು ಈಗ ಮಾರುವ ಹೊರಗಿನ ಸೆಟ್ ಆದರೆ ದೊಡ್ಡ ಪರದೆ, ದಿನದಿನದ ನಕ್ಷೆ, ಕಾರು ಎಲ್ಲಿದೆ ಎಂಬುದು ಮನೆಯವರ ಮೊಬೈಲಿನಲ್ಲೂ ಕಾಣುತ್ತದೆ. ಆದರೆ ಅದನ್ನು ಕೂರಿಸಲು ಡ್ಯಾಶ್‌ಬೋರ್ಡನ್ನು ಪಕ್ಕದ ಸೀಟಿನ ಕಡೆಗೆ ಒಂದು ಗೇಣು ಕೊಯ್ಯಬೇಕು. ದೀಪ ಹೋಗುತ್ತದೆ.

ಮಗಳು ಹೊರಗಿನದೇ ಇರಲಿ ಎಂದಳು. ಡಾಕ್ಟರು ತಲೆಯಾಡಿಸಿ, ದೀಪ ತೆಗೆಯೋ ಹಾಗಿಲ್ಲ ಎಂದಷ್ಟೇ ಹೇಳಿ ಕಾರಿನೊಳಗೆ ಹೋಗಿ ಕೂತರು.

ಮಗಳು ಬಾಗಿಲ ಹತ್ತಿರ ನಿಂತು, ದನಿ ತಗ್ಗಿಸಿ, ಅಪ್ಪ ಎಲ್ಲಿದ್ದಾರೆ ಅಂತ ನನಗೆ ಗೊತ್ತಾಗಬೇಕು, ಅವರು ಈಚೆಗೆ… ಎಂದು ಏನನ್ನೋ ಹೇಳಲು ಹೊರಟಳು. ಫ್ಯೂಸಣ್ಣನಿಗೆ ಅಷ್ಟರಲ್ಲಿ ರೇಗಿಹೋಗಿತ್ತು. ಒಂದು ಗೀರೂ ಇಲ್ಲದ ಡ್ಯಾಶ್‌ಬೋರ್ಡನ್ನು ಕೊಯ್ಯಿ ಎನ್ನುವವರನ್ನು ಕಂಡರೆ ಅವನಿಗೆ ಮೊದಲೇ ಆಗದು. ಅದರ ಮೇಲೆ ಹೆತ್ತ ಅಪ್ಪನನ್ನು ಕಾವಲು ಕಾಯುವ ಮಾತು.

“ನಿಮ್ಮಪ್ಪ ಏನು ಹಾಲು ಕುಡಿಯೋ ಮಗುನಾಮ್ಮ?” ಎಂದ. “ಅವರ ಕಾರು, ಅವರಿಷ್ಟ.”

ಅವಳ ಮುಖ ಕೆಂಪಾಯಿತು. ಹೇಳಬೇಕೆಂದಿದ್ದನ್ನು ನುಂಗಿಕೊಂಡು, ಆಯ್ತು, ಅವರಿಷ್ಟದಂತೆಯೇ ಮಾಡಿ ಎಂದು, ಕಾರನ್ನು ಅಲ್ಲೇ ಬಿಟ್ಟು, ಅಪ್ಪನನ್ನು ಕರೆದುಕೊಂಡು ಹೋಗಿಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಗೊಡದೆ ತಡೆದ ಮಾತೂ ಹಾಗೆಯೇ ಹೋಗುತ್ತದೆ ಎಂಬುದು ಫ್ಯೂಸಣ್ಣನಿಗೆ ಗೊತ್ತಾಗಲು ಹತ್ತು ದಿನ ಹಿಡಿಯಿತು.

ಹತ್ತನೆಯ ದಿನ ಡಾಕ್ಟರನ್ನು ಮಗಳು ಟ್ಯಾಕ್ಸಿಯಲ್ಲಿ ಕಳಿಸಿದ್ದಳು. ಸೆಟ್ ಕೂತ ಚಂದ ನೋಡಿ ಅವರು ಬೆರಳಿನಿಂದ ಅಂಚು ಸವರಿ, ಹಲ್ಲು ಕಟ್ಟಿದ ಹಾಗೆ ಕಟ್ಟಿದ್ದೀಯ ಎಂದರು. ಅದಕ್ಕಿಂತ ದೊಡ್ಡ ಬಿರುದು ಫ್ಯೂಸಣ್ಣನಿಗೆ ಬೇಕಿರಲಿಲ್ಲ. ಪದ್ಧತಿಯಂತೆ ವಿಳಾಸ ಕೇಳಿದ. ಡಾಕ್ಟರು ಒಂದು ಕ್ಷಣವೂ ತಡವರಿಸಲಿಲ್ಲ. ಮನೆ ನಂಬರು, ಅಡ್ಡರಸ್ತೆ, ಬಡಾವಣೆ, ಎಲ್ಲವನ್ನೂ ಮಗ್ಗಿ ಒಪ್ಪಿಸಿದಂತೆ ಹೇಳಿದರು. ಆ ರಸ್ತೆಯ ಹೆಸರನ್ನು ಫ್ಯೂಸಣ್ಣ ಕೇಳಿರಲಿಲ್ಲ, ಆದರೆ ಊರಲ್ಲಿ ಅವನು ಕೇಳದ ರಸ್ತೆಗಳು ಸಾವಿರ ಇದ್ದವು. ಸೆಟ್ ತಕರಾರಿಲ್ಲದೆ ಒಪ್ಪಿಕೊಂಡಿತು. ‘ಮನೆ’ ಎಂದು ತುಂಬಿಸಿದ.

ಡಾಕ್ಟರು ಓಡಿಸುತ್ತಿದ್ದುದನ್ನು ನೋಡುವುದೇ ಒಂದು ಸೊಗಸು. ಗೇರು ಬದಲಾದದ್ದು ಕಿವಿಗೆ ತಿಳಿಯಬೇಕು, ಮೈಗೆ ತಿಳಿಯದು. ಸೆಟ್ ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಎರಡು ಕಡೆ ಸೆಟ್ ಹೇಳುವ ಮೊದಲೇ ಅವರು ತಿರುಗಿದರು. ನೋಡಿದ್ಯಾ, ಇದಕ್ಕಿಂತ ನಾನೇ ವಾಸಿ ಎಂದು ನಕ್ಕರು. ಫ್ಯೂಸಣ್ಣನೂ ನಕ್ಕ. ಇವರಿಗೆ ಕಾವಲು ಬೇಕೆಂದವಳು ಈಗ ಬಂದು ನೋಡಬೇಕಿತ್ತು ಎಂದುಕೊಂಡ.

ಐದೂವರೆ ಹೊತ್ತಿಗೆ, ನೀವು ಮನೆ ತಲುಪಿದ್ದೀರಿ ಎಂದಿತು ಸೆಟ್.

ಎದುರಿಗೆ ಟಯರುಗಳ ಗೋದಾಮಿತ್ತು. ಉದ್ದಕ್ಕೂ ತಗಡಿನ ಗೋಡೆ, ಎಳೆದು ಮುಚ್ಚಿದ ಶಟರು. ಸುತ್ತಮುತ್ತ ಮನೆಯೆಂಬುದೇ ಇರಲಿಲ್ಲ. ಫ್ಯೂಸಣ್ಣ ಬೈಗುಳವೊಂದನ್ನು ನುಂಗಿಕೊಂಡು ಸೆಟ್ಟಿನ ಕಡೆ ಬಗ್ಗಿದ. ತಾನೇ ಎಲ್ಲೋ ಒಂದು ಅಂಕಿ ತಪ್ಪು ಒತ್ತಿರಬೇಕು ಎಂದುಕೊಂಡ. ಅಷ್ಟರಲ್ಲಿ ಡಾಕ್ಟರು ಹಾರನ್ ಮಾಡಿದರು. ಚಿಕ್ಕದಾಗಿ, ಎರಡು ಸಲ. ಎಂಜಿನ್ ಆರಿಸದೆ, ಶಟರಿನ ಕಡೆ ನೋಡುತ್ತಾ ಕೂತರು.

“ಬರ್ತಾಳೆ ಇರು,” ಎಂದರು. “ಕೈ ಒರೆಸಿಕೊಂಡು ಬರಬೇಕಲ್ಲ, ಗೇಟು ತೆಗೆಯೋಕೆ.”

ಫ್ಯೂಸಣ್ಣ ಮತ್ತೆ ಪರದೆ ನೋಡಿದ. ಹಳೇ ನಕ್ಷೆಯಲ್ಲಿ ಆ ರಸ್ತೆ, ಆ ಮನೆ ನಂಬರು ಇನ್ನೂ ಹಾಗೇ ಇದ್ದವು. ಹೊರಗಿನ ಸೆಟ್ ಆಗಿದ್ದರೆ ಇಂಥ ವಿಳಾಸವೇ ಇಲ್ಲ ಎಂದು ಅಂಗಡಿಯಲ್ಲೇ ಹೇಳಿಬಿಡುತ್ತಿತ್ತು, ಯಾರ ಮಾನವೂ ಹೋಗದ ಹಾಗೆ. ಕೊಯ್ಯಲು ಮನಸ್ಸಿಲ್ಲದೆ ತಾನೇ ಇವರನ್ನು ಇಲ್ಲಿಗೆ ಕರೆತಂದೆ ಎಂದು ಅವನಿಗೆ ಹೊಳೆಯಿತು. ಮಗಳು ಬಾಗಿಲಲ್ಲಿ ನಿಂತು ನುಂಗಿಕೊಂಡದ್ದೇನು ಎಂಬುದೂ ಆಗಲೇ ಹೊಳೆಯಿತು.

ಡಾಕ್ಟರು ಇನ್ನೊಮ್ಮೆ ಹಾರನ್ ಮಾಡಿದರು. ಶಟರಿನ ಪಕ್ಕದ ಚಿಕ್ಕ ಬಾಗಿಲು ತೆರೆದು ಕಾವಲುಗಾರನೊಬ್ಬ ಇಣುಕಿ, ಇವತ್ತು ಲೋಡು ಇಳಿಸೋದಿಲ್ಲ ಎಂದು ಕೂಗಿ ಬಾಗಿಲು ಹಾಕಿಕೊಂಡ. ಡಾಕ್ಟರು ಆ ಬಾಗಿಲನ್ನೇ ಬಹಳ ಹೊತ್ತು ನೋಡಿದರು. ಅವರ ಕೈ ಸ್ಟಿಯರಿಂಗ್ ಮೇಲಿಂದ ಮೆಲ್ಲನೆ ಜಾರಿ ತೊಡೆಗೆ ಬಂತು.

“ನಮ್ಮ ಹಳೇ ಮನೆ ಕೆಡವಿದಾಗ ನಾವಿಬ್ಬರೂ ಬಂದು ನೋಡಿದ್ವಿ,” ಎಂದರು. “ಅವಳು ಅತ್ತಿದ್ದಳು.” ಪರದೆಯತ್ತ ತಿರುಗಿ, “ನಿನ್ನ ಸೆಟ್ ಸರಿಯಾಗೇ ಇದೆ,” ಎಂದರು.

ಫ್ಯೂಸಣ್ಣ ಕೆಳಗಿಳಿದು ಮಗಳಿಗೆ ಫೋನು ಮಾಡಿದ. ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಹೋದ ತಿಂಗಳೂ ಎರಡು ಸಲ ಹೀಗೇ ಆಯಿತು ಎಂದು ಮೆಲ್ಲಗೆ ಹೇಳಿ, ಈಗಿನ ಮನೆಯ ದಾರಿಯನ್ನು ತಿರುವು ತಿರುವಾಗಿ ಬರೆಸಿದಳು. ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡು ಬಂದು, ಗಾಡಿ ನಾನು ಓಡಿಸಲೇ ಎಂದು ಅವನು ಕೇಳಿದ.

“ಬೇಡ. ಓಡಿಸೋದು ಮರೆತಿಲ್ಲ ನಾನು. ನೀನು ದಾರಿ ಹೇಳು.”

ಡಾಕ್ಟರು ಕೈ ಚಾಚಿ ಸೆಟ್ ಆರಿಸಿದರು. ಬೆಳಕು ಇಳಿಯುತ್ತಿತ್ತು. ಅವನು ಕಾಗದವನ್ನು ಕಣ್ಣ ಹತ್ತಿರ ಹಿಡಿದದ್ದು ನೋಡಿ ದೀಪದ ಗುಂಡಿಯನ್ನೂ ಅವರೇ ಒತ್ತಿ, ಅದರ ಕತ್ತನ್ನು ಕಾಗದದ ಕಡೆಗೆ ಬಾಗಿಸಿದರು. ಫ್ಯೂಸಣ್ಣ ಓದತೊಡಗಿದ. ಎಡಕ್ಕೆ, ಡಾಕ್ಟ್ರೇ. ನೇರಕ್ಕೆ. ಪೆಟ್ರೋಲ್ ಬಂಕ್ ದಾಟಿ ಬಲಕ್ಕೆ. ಅವರು ಪ್ರತಿ ಸಲವೂ ಹೂಂ ಎಂದರು, ಒಂದು ತಿರುವೂ ತಪ್ಪಲಿಲ್ಲ. ಅವನ ಕಣ್ಣು ತುಂಬಿ ಅಕ್ಷರ ಮಂಜಾಗುತ್ತಿತ್ತು, ಆದರೂ ಓದಿದ.

ಗೇಟಿನಲ್ಲಿ ಮಗಳು ಕಾದಿದ್ದಳು. ಡಾಕ್ಟರು ಎಂಜಿನ್ ಆರಿಸಿದರು. ಕೀಲಿಯನ್ನು ತೆಗೆದು, ಅವಳು ಹತ್ತಿರ ಬರುವ ಮೊದಲೇ, ಫ್ಯೂಸಣ್ಣನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ಗಾಡಿ ನಿನ್ನ ಅಂಗಡೀಲಿರಲಿ. ನಾನು ಮರೆತು ಕೇಳ್ತೀನಿ. ಕೇಳಿದಾಗ ಕೊಡಬೇಡ. ಮಗಳು ಕೊಡಲ್ಲ ಅಂದ್ರೆ ಅವಳ ಮೇಲೆ ಸಿಟ್ಟು ಬರುತ್ತೆ ನನಗೆ. ನಿನ್ನ ಮೇಲೆ ಬಂದ್ರೆ ಬರಲಿ.”

ಬಂದ ಕೋಪವನ್ನೆಲ್ಲ ಊರಿಗೆ ಹಂಚುತ್ತಿದ್ದವನಿಗೆ ಇನ್ನೊಬ್ಬರ ಕೋಪ ತಾಳಿಕೊಳ್ಳುವ ಕೆಲಸ ಸಿಕ್ಕಿತು. ಅವನು ಒಪ್ಪಿಕೊಂಡ. ಮಗಳ ಮುಖ ನೋಡಿ ತಪ್ಪಾಯ್ತಮ್ಮ ಎಂದ. ಅವಳು ತಲೆಯಾಡಿಸಿ ಅಪ್ಪನ ಕೈಹಿಡಿದು ಒಳಗೆ ಕರೆದೊಯ್ದಳು.

ಡಾಕ್ಟರು ಹೇಳಿದಂತೆಯೇ ಆಯಿತು. ವಾರ ಕಳೆಯುವುದರೊಳಗೆ ಫೋನು ಬಂತು: ನನ್ನ ಕಾರಿನ ಕೆಲಸ ಎಲ್ಲಿಗೆ ಬಂತು? ಯಾವ ಸೆಟ್ ಹಾಕೋದು ಅಂತ ನೀವಿನ್ನೂ ಹೇಳಲಿಲ್ಲವಲ್ಲ ಡಾಕ್ಟ್ರೇ, ಎಂದ ಫ್ಯೂಸಣ್ಣ. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಿಗೆ, ಆದರೂ ಹೇಳಿತು. ಹೌದಾ, ಎರಡಕ್ಕೂ ಏನು ವ್ಯತ್ಯಾಸ ಎಂದು ಅವರು ಕೇಳಿದರು. ಅವನು ಮೊದಲಿನಿಂದ ವಿವರಿಸಿದ. ಕಂಪನಿಯದಾದರೆ ಹೀಗೆ, ಹೊರಗಿನದಾದರೆ ಹೀಗೆ, ಒಂದು ಗೇಣು ಕೊಯ್ಯಬೇಕಾಗುತ್ತೆ. ಎಲ್ಲ ಕೇಳಿ ಅವರು, ಛೆ, ದೀಪ ತೆಗೆಯೋ ಹಾಗಿಲ್ಲಪ್ಪ, ಅವಳಿಗೆ ಬೇಕು ಎಂದರು. ಹಾಗಾದರೆ ಕಂಪನಿಯದನ್ನೇ ಹುಡುಕುತ್ತೇನೆ, ತಡವಾಗುತ್ತೆ ಎಂದ ಅವನು.

ಆ ಫೋನು ವಾರವಾರ ಬಂತು. ಬೇರೆ ಗಿರಾಕಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಸ್ಕ್ರೂಡ್ರೈವರ್ ಎಸೆಯುವ ಫ್ಯೂಸಣ್ಣ, ಕೆಲಸ ಬಿಟ್ಟು ಕೈಯೊರೆಸಿಕೊಂಡು, ಹೊಸದಾಗಿ ಬಂದ ಗಿರಾಕಿಗೆ ಹೇಳುವ ಹಾಗೆ ಪ್ರತಿ ಸಲವೂ ಹೇಳಿದ. ಒಂದೆರಡು ಸಲ ಅವರು ಬೈದರು, ಮೂರು ತಿಂಗಳಿಂದ ಒಂದು ಸೆಟ್ ತರಿಸೋಕಾಗದ ನೀನೆಂಥ ಮೆಕ್ಯಾನಿಕ್ ಎಂದು. ಬೈಸಿಕೊಂಡ. ಕೊನೆಗೆ ಮಾತ್ರ ದೀಪದ ಮಾತು ಬಂದೇ ಬರುತ್ತಿತ್ತು, ಅದು ಬರುವವರೆಗೂ ಅವನು ಕಾಯುತ್ತಿದ್ದ. ಅಂಗಡಿಯ ಮೂಲೆಯಲ್ಲಿ ಕಾರು ಹೊದಿಕೆಯಡಿ ನಿಂತಿತ್ತು. ಶನಿವಾರಕ್ಕೊಮ್ಮೆ ಹೊದಿಕೆ ಸರಿಸಿ, ಬ್ಯಾಟರಿ ನೋಡಿ, ದೀಪ ಹತ್ತಿಸಿ ಆರಿಸುತ್ತಿದ್ದ.

ವರ್ಷದ ಕೊನೆಯಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ಡಾಕ್ಟರ ದನಿ ಹಗುರಾಗಿತ್ತು. ಅವನು ಎಂದಿನಂತೆ ಎಲ್ಲ ವಿವರಿಸಿದ. ಅವರು ಕೇಳಿಸಿಕೊಂಡು, ಹಾಗಾದರೆ ದೊಡ್ಡದನ್ನೇ ಹಾಕಪ್ಪ, ಅದೇ ಅನುಕೂಲ ಎಂದರು.

ಫ್ಯೂಸಣ್ಣ ಮೂಲೆಯಲ್ಲಿದ್ದ ಕಾರಿನ ಕಡೆ ನೋಡಿದ.

“ಅದು ಹಾಕಿದ್ರೆ ಆ ದೀಪ ತೆಗೀಬೇಕಾಗುತ್ತೆ, ಡಾಕ್ಟ್ರೇ.”

“ಯಾವ ದೀಪ?”

ಅವನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ. ಆ ಕಡೆಯಿಂದ ಡಾಕ್ಟರು, ಹಲೋ, ಇದ್ದೀಯೇನಪ್ಪ ಎಂದು ಕೇಳುತ್ತಿದ್ದರು. ಇದ್ದೀನಿ ಡಾಕ್ಟ್ರೇ, ಆಯ್ತು, ದೊಡ್ಡದೇ ಹಾಕ್ತೀನಿ ಎಂದ. ಫೋನಿಟ್ಟು, ಮೂಲೆಗೆ ಹೋಗಿ, ಹೊದಿಕೆ ಸರಿಸಿ ಪಕ್ಕದ ಸೀಟಿನಲ್ಲಿ ಕೂತ. ಅವತ್ತು ಶನಿವಾರವಾಗಿರಲಿಲ್ಲ, ಆದರೂ ದೀಪ ಹತ್ತಿಸಿದ.