ಮೂರನೇ ಟೇಕಿನ ಆಮೆನ್

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕು ಎಂದು ಥೇನ್ ಮಿಕ್ಕೆಲ್ಸನ್‌ನನ್ನೇ ಕೇಳಿದೆ. ಹತ್ತೊಂಬತ್ತು ದಿನದಲ್ಲಿ ಒಂದು ಸಿನಿಮಾ ಮಾಡಿ ಮುಗಿಸಿದವನು. ಶುರುಮಾಡುವುದಾದರೂ ಗೊತ್ತಿರಬೇಕಲ್ಲ.

"ಬೆಟ್ಟದಿಂದ ಶುರುಮಾಡು," ಅಂದ. "ಯೂಟಾದಲ್ಲಿ ಎಲ್ರೂ ಬೆಟ್ಟದಿಂದ್ಲೇ ಶುರುಮಾಡೋದು. ಬೆಟ್ಟ ಊಟ ಕೇಳಲ್ಲ, ಡೈಲಾಗ್ ಮರೆಯಲ್ಲ."

ಬರೆದೆ. ಒಂದು ಪುಟ ಬೆಟ್ಟ, ನೆತ್ತಿಯ ಮೇಲೆ ಹಿಮ, ಕೆಳಗೆ ಟರ್ಕಿ ಕೋಳಿ ಸಾಕುವ ಶೆಡ್ಡುಗಳ ಉದ್ದುದ್ದ ತಗಡು. ಓದಿ ನೋಡಿ ಹರಿದು ಹಾಕಿದೆ. ಬೆಟ್ಟ ಚೆನ್ನಾಗಿಯೇ ಇತ್ತು. ಆದರೆ ಬೆಟ್ಟಕ್ಕೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಇದ್ದದ್ದು ಥೇನನಿಗೆ.

2.

(ಒಂದನೆಯದು ಬೆಟ್ಟ. ಅದು ಕಸದ ಬುಟ್ಟಿಯಲ್ಲಿದೆ.)

ಹಾಗಾದರೆ ಫೋನಿನಿಂದ ಶುರುಮಾಡೋಣ. ಊರಿನ ಲೈಬ್ರರಿಯ ಬ್ರಿನ್ಲೀ ಎಂಬ ಹುಡುಗಿ ಥೇನನಿಗೆ ಫೋನು ಮಾಡಿದಳು. "ಹುಲ್ಲುಗಾವಲಿನ ಮಾರ್ಥಾ" ಸಿನಿಮಾವನ್ನು ಶನಿವಾರ ಐದನೇ ವಾರ್ಡಿನ (ನಮ್ಮಲ್ಲಿ ವಾರ್ಡು ಅಂದರೆ ಒಂದು ಕೇರಿಯ ಚರ್ಚ್ ಸಭೆ) ಚರ್ಚಿನಲ್ಲಿ ಮತ್ತೆ ತೋರಿಸಬೇಕಂತೆ, ಪ್ರಾರ್ಥನೆಯ ಕೋಣೆಯಲ್ಲಲ್ಲ, ಹಿಂದುಗಡೆಯ ಬಾಸ್ಕೆಟ್‌ಬಾಲ್ ಆಡುವ ಹಾಲಿನಲ್ಲಿ. ಬುಟ್ಟಿಗಳನ್ನು ಮೇಲಕ್ಕೆ ಮಡಚಿ, ಕಬ್ಬಿಣದ ಕುರ್ಚಿ ಹಾಕಿ.

"ನಮ್ಮಮ್ಮ ಆ ಡಿವಿಡಿ ಹಾಕಿ ನಮ್ಮೈವರನ್ನೂ ಕೂರಿಸಿ ಅಡಿಗೆ ಮಾಡ್ಕೊಳ್ತಿದ್ರು, ಬ್ರದರ್ ಮಿಕ್ಕೆಲ್ಸನ್. ನಾನೂರು ಸಲ ನೋಡಿದೀನಿ. ಮಾರ್ಥಾ ಎದ್ದು ಬ್ರೆಡ್ಡಿಗೆ ಹಿಟ್ಟು ನಾದೋ ಸೀನಲ್ಲಿ ಈಗ್ಲೂ ಅಳು ಬರತ್ತೆ."

"ನಾನೂರು ಸಲ ನೋಡಿದ್ರೆ ನಂಗೂ ಅಳು ಬರ್ತಿತ್ತಮ್ಮ," ಅಂದ ಥೇನ್.

"ಡಿವಿಡಿ ಎಲ್ಲ ಗೀರು ಬಿದ್ದಿದೆ. ಮೂಲ ಟೇಪುಗಳು ಇದಾವಾ?"

ಇದ್ದವು. ನೆಲಮಾಳಿಗೆಯಲ್ಲಿ, ಗೋಧಿ ಡಬ್ಬಗಳ ಹಿಂದೆ. ನಮ್ಮಲ್ಲಿ ಪ್ರತಿ ಮನೆಯೂ ಕಷ್ಟಕಾಲಕ್ಕೆಂದು ಒಂದು ವರ್ಷದ ಧಾನ್ಯ ಕೂಡಿಡುತ್ತದೆ. ಥೇನ್ ಮತ್ತು ಅವನ ಹೆಂಡತಿ ಆಫ್ಟನ್ ಇಬ್ಬರಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು ಕೂಡಿಟ್ಟಿದ್ದರು. ಒಬ್ಬನಿಗೆ ಅದು ಎರಡು ವರ್ಷಕ್ಕೆ ಬರುತ್ತದೆ. ಕೆಳಗೆ ಇಳಿದಾಗಲೆಲ್ಲ ಥೇನನ ತಲೆಯಲ್ಲಿ ಈ ಲೆಕ್ಕ ತಾನಾಗಿಯೇ ನಡೆಯುತ್ತದೆ. ಅದಕ್ಕೇ ಅವನು ಹೆಚ್ಚು ಇಳಿಯುವುದಿಲ್ಲ.

ಹಾಗಾಗಿ ಇಪ್ಪತ್ತೊಂದು ವರ್ಷ ಆ ಟೇಪುಗಳನ್ನು ಯಾರೂ ಮುಟ್ಟಿರಲಿಲ್ಲ.

3.

ಓದುಗರೇ, ನೀವು ಇಂಥ ಸಿನಿಮಾ ನೋಡಿರಲಿಕ್ಕಿಲ್ಲ. ನಾಚಿಕೊಳ್ಳಬೇಡಿ, ಯಾರೂ ನೋಡಿಲ್ಲ. ಮಾರ್ಮನ್ನರು, ಅಂದರೆ ನಮ್ಮ ಪಂಥದ ಕ್ರೈಸ್ತರು, ಮಾರ್ಮನ್ನರಿಗಾಗಿ ಮಾಡಿದ ಸಿನಿಮಾ. ನಾಲ್ಕು ಕಣಿವೆಗಳಲ್ಲಿ ಓಡಿತು, ಐದನೆಯ ಕಣಿವೆಯವರು "ಅದೇನದು?" ಅಂದರು. ಅದರ ಜೋಕುಗಳು ಹೊರಗಿನವರಿಗೆ ತಿಳಿಯುವುದಿಲ್ಲ. ಒಳಗಿನವರಿಗೆ ತಿಳಿಯುತ್ತವೆ, ಆದರೆ ಅವರು ಪಕ್ಕದಲ್ಲಿ ಬಿಷಪ್ಪರು ಕೂತಿದ್ದಾರಾ ಎಂದು ನೋಡಿಕೊಂಡು ನಗುತ್ತಾರೆ.

ಭಾನುವಾರ ಶೂಟಿಂಗ್ ಇಲ್ಲ. ಬೈಗುಳ ಇಲ್ಲ, ಕಾಫಿ ಇಲ್ಲ. ವಾರ್ಡಿನ ಹೆಂಗಸರು ದಿನಾ ಮಧ್ಯಾಹ್ನ ಚೀಸು ಹಾಕಿ, ಮೇಲೆ ಕಾರ್ನ್‌ಫ್ಲೇಕ್ಸ್ ಉದುರಿಸಿ ಬೇಯಿಸಿದ ಆಲೂಗಡ್ಡೆ ತರುತ್ತಿದ್ದರು. ಸಾವಿನ ಮನೆಗೆ ಕೊಡುವ ಅಡಿಗೆ ಅದು, ಹೆಸರೇ ಸಾವಿನ ಆಲೂಗಡ್ಡೆ. ಹತ್ತೊಂಬತ್ತು ದಿನವೂ ಅದನ್ನೇ ತಿಂದೆವು. ನಾನೂ ಆ ಸಿನಿಮಾದಲ್ಲಿದ್ದೇನೆ. ಚರ್ಚಿನ ದೃಶ್ಯದಲ್ಲಿ ಮೂರನೇ ಬೆಂಚಿನ ತುದಿಗೆ ಕಾಣುವ ಅರ್ಧ ಕಿವಿ ನನ್ನದು.

ಸಾಲ್ಟ್ ಲೇಕ್ ನಗರದಿಂದ ಬರಬೇಕಿದ್ದ ನಟಿ ಕೈಕೊಟ್ಟಳು. ಮಾರ್ಥಾ ಎಂಬ ಕಾಯಿಲೆ ಬಿದ್ದ ತಾಯಿಯ ಪಾತ್ರಕ್ಕೆ ಥೇನ್ ತನ್ನ ಹೆಂಡತಿ ಆಫ್ಟನ್‌ಳನ್ನೇ ಮಂಚದ ಮೇಲೆ ಮಲಗಿಸಿದ.

"ನಂಗೆ ನಟನೆ ಬರಲ್ಲ ಡೈರೆಕ್ಟರೇ," ಅಂದಿದ್ದಳು ಅವಳು.

"ಸುಮ್ನೆ ಮಲಕ್ಕೋ. ಸುಸ್ತಾದೋಳ ಥರ ಕಾಣ್ಬೇಕು ಅಷ್ಟೇ."

"ನಿನ್ನ ಮದುವೆಯಾಗಿ ಇಪ್ಪತ್ಮೂರು ವರ್ಷ ಆಯ್ತು. ಅದೊಂದು ಚೆನ್ನಾಗಿ ಬರತ್ತೆ ಬಿಡು."

4.

ಈಗ ಆ ದೃಶ್ಯ. ನಿಧಾನವಾಗಿ ಓದಿ. ಥೇನ್ ಆಗ ನಿಧಾನವಾಗಿ ನೋಡಲಿಲ್ಲ, ಆದ್ದರಿಂದಲೇ ಈ ಕಥೆ ಹುಟ್ಟಿದ್ದು.

ಮಾರ್ಥಾ ಮಂಚದ ಮೇಲಿದ್ದಾಳೆ. ವಾರ್ಡಿನ ಇಬ್ಬರು ಗಂಡಸರು ಬರುತ್ತಾರೆ. ಒಬ್ಬ ಅವಳ ನೆತ್ತಿಗೆ ಒಂದು ಹನಿ ಆಲಿವ್ ಎಣ್ಣೆ ಹಾಕುತ್ತಾನೆ. ಇಬ್ಬರೂ ತಲೆಯ ಮೇಲೆ ಕೈಯಿಡುತ್ತಾರೆ. ಅವಳ ಪೂರ್ತಿ ಹೆಸರು ಹೇಳಿ ಆಶೀರ್ವಾದ ಶುರುಮಾಡುತ್ತಾರೆ. ಅಷ್ಟರಲ್ಲಿ ಕ್ಯಾಮೆರಾ ಕಿಟಕಿಯ ಪರದೆಯ ಕಡೆ ತಿರುಗಬೇಕು. ಆಶೀರ್ವಾದವನ್ನು ಪೂರ್ತಿ ತೋರಿಸಬಾರದು ಎಂದು ಎಲ್ಲೂ ಬರೆದಿಟ್ಟಿಲ್ಲ, ಆದರೂ ನಮ್ಮವರಿಗೆಲ್ಲ ಗೊತ್ತು. ನಿಜದ ಮಾತನ್ನು ಆಟಕ್ಕೆ ಆಡಬಾರದು. ಅದಕ್ಕೇ ಥೇನ್ ಮೇಜಿನ ಮೇಲೆ ಇಟ್ಟ ಸೀಸೆಯಲ್ಲಿ ಇದ್ದದ್ದು ಅಡಿಗೆ ಎಣ್ಣೆ.

ಎಣ್ಣೆ ಹಾಕುವವನ ಪಾತ್ರ ವೆರ್ಲ್ ಜೋರ್ಗೆನ್‌ಸನ್‌ನದು. ನಟನಲ್ಲ, ಟರ್ಕಿ ಕೋಳಿ ಸಾಕುವವನು. ಥೇನನ ಬಾಲ್ಯದ ಗೆಳೆಯ. ಮೊದಲನೇ ಟೇಕಿನಲ್ಲಿ ಕೆಮ್ಮಿದ. ಎರಡನೆಯದರಲ್ಲಿ ದೀಪ ಆರಿತು. ಮೂರನೆಯದರಲ್ಲಿ ಕೈಯಿಟ್ಟು, ಕಣ್ಣು ಮುಚ್ಚಿ, ಅಂದ:

"ಆಫ್ಟನ್ ರೂತ್ ಮಿಕ್ಕೆಲ್ಸನ್..."

"ಕಟ್!" ಥೇನ್ ಕೂಗಿದ. "ಮಾರ್ಥಾ ಕಣೋ, ಮಾರ್ಥಾ! ಅವಳು ಆಫ್ಟನ್ ಅಲ್ಲ!"

ಎಲ್ಲರೂ ನಕ್ಕರು. (ನಾನೂ ನಕ್ಕೆ.) ಜೀವಮಾನವಿಡೀ ನಿಜವಾದ ಆಶೀರ್ವಾದ ಮಾಡಿದವನು, ನಾಲಿಗೆ ರೂಢಿಯ ಹೆಸರಿಗೆ ಹೋಯಿತು ಅಂದುಕೊಂಡೆವು. ನಾಲ್ಕನೇ ಟೇಕು ಸರಿಬಂತು. ಸಿನಿಮಾದಲ್ಲಿರುವುದು ಅದೇ. ಅದರಲ್ಲಿ ಮಾರ್ಥಾ ಗುಣವಾಗಿ ಎದ್ದು ಹಿಟ್ಟು ನಾದುತ್ತಾಳೆ.

ನಾಲ್ಕು ತಿಂಗಳ ಮೇಲೆ ಡಾಕ್ಟರು ಆಫ್ಟನ್‌ಳ ಎದೆಯಲ್ಲಿ ಗಂಟಿದೆ ಎಂದರು. ಎರಡು ವರ್ಷ ಬದುಕಿದಳು. ಆ ಎರಡು ವರ್ಷ ಥೇನ್ ಎಷ್ಟು ಸಲ ಅವಳ ತಲೆಯ ಮೇಲೆ ಕೈಯಿಟ್ಟನೋ, ವಾರ್ಡಿನವರು ಎಷ್ಟು ಜನ ಬಂದರೋ. ಆಮೇಲೆ ಅವನು ಸಿನಿಮಾ ಮಾಡಲಿಲ್ಲ. ಜನರ ಮದುವೆ ವಿಡಿಯೋ ತೆಗೆದ, ಅದನ್ನೂ ಬಿಟ್ಟ.

5.

ಬ್ರಿನ್ಲೀಗೆ ಕೊಡಲೆಂದು ಥೇನ್ ಮೊನ್ನೆ ಆ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿದ. ಮೂರನೇ ಟೇಕು ಬಂತು. ಮೇಜಿನ ಮೇಲಿನ ಸೀಸೆಯನ್ನು ವೆರ್ಲ್ ಮುಟ್ಟಲೇ ಇಲ್ಲ. ಜೇಬಿನಿಂದ ಕೀಗೊಂಚಲು ತೆಗೆದ. ನಮ್ಮ ಗಂಡಸರ ಕೀಗೊಂಚಲಿನಲ್ಲಿ ಬೆರಳಿನ ತುದಿಯಷ್ಟು ಒಂದು ಲೋಹದ ಡಬ್ಬಿ ಇರುತ್ತದೆ, ಅದರಲ್ಲಿ ಪ್ರಾರ್ಥನೆ ಮಾಡಿ ತುಂಬಿದ ಎಣ್ಣೆ. ಅದರ ಮುಚ್ಚಳ ತಿರುಗಿಸಿದ.

ನಾಲಿಗೆ ರೂಢಿಗೆ ಹೋಗಬಹುದು. ಕೈ ಎದುರಿಗಿದ್ದ ಸೀಸೆ ಬಿಟ್ಟು ಜೇಬಿಗೆ ಹೋಗುವುದಿಲ್ಲ.

ಇಲ್ಲಿ ನಾನು ಒಂದು ಕೆಲಸ ಮಾಡಿದೆ. ವೆರ್ಲ್ ತೀರಿಕೊಂಡು ಹತ್ತು ವರ್ಷವಾಗಿದೆ, ಕೇಳಲು ಯಾರೂ ಇಲ್ಲ, ಥೇನ್ ಒಬ್ಬನೇ ಪರದೆಯ ಮುಂದೆ ಕೂತಿದ್ದಾನೆ ಎಂದು ಬರೆದೆ. ಬಹಳ ಚೆನ್ನಾಗಿ ಬಂತು. ಥೇನನಿಗೆ ಓದಿ ಹೇಳಿದೆ.

"ನಿಂಗೇನು ತಲೆಗಿಲೆ ಕೆಟ್ಟಿದ್ಯಾ? ವೆರ್ಲ್ ಬದುಕಿದಾನೆ. ಹೋದ ಭಾನುವಾರ ನನ್ನ ಹಿಂದಿನ ಬೆಂಚಲ್ಲೇ ಗೊರಕೆ ಹೊಡೀತಿದ್ದ."

"ಕಥೆಗೆ ಹೀಗೆ ಚೆನ್ನಾಗಿರತ್ತೆ ಥೇನ್. ಹೋಗಿ ಕೇಳಿದ್ರೆ ಅವನು ಏನಾದ್ರೂ ಹೇಳಿಬಿಡ್ತಾನೆ."

"ಹೇಳ್ಲಿ ಅಂತ್ಲೇ ಹೋಗೋದು."

"ಹೇಳಿದ್ದನ್ನ ಆಮೇಲೆ ನೀನೇ ಹೊತ್ಕೋಬೇಕು. ನಾನು ಬರಲ್ಲ."

ಅವನು ಟ್ರಕ್ಕಿನ ಕೀ ತೆಗೆದುಕೊಂಡ. ಅವನ ಗೊಂಚಲಿನಲ್ಲೂ ಆ ಡಬ್ಬಿ ಇದೆ. ಒಣಗಿ ಎಷ್ಟು ಕಾಲವಾಯಿತೋ.

5, ಮತ್ತೆ.

ವೆರ್ಲ್ ಬಾಟಲಿಯಲ್ಲಿ ಹಾಕಿಟ್ಟ ಪೀಚ್ ಹಣ್ಣು ಬಡಿಸಿದ. ಬೇಡ ಅಂದರೂ ಬಡಿಸಿದ.

"ತಿನ್ನೋ. ಹೆಂಡ್ತಿ ಇಲ್ಲದೋನ ಮನೇಲಿ ಏನು ತಿಂತೀಯೋ ಏನೋ, ಕಡ್ಡಿ ಆಗಿದೀಯ."

"ನಿನ್ನ ಎಣ್ಣೆ ಅದು, ವೆರ್ಲ್."

ವೆರ್ಲ್ ಚಮಚ ಕೆಳಗಿಟ್ಟ. ಯಾವ ಎಣ್ಣೆ ಎಂದು ಕೇಳಲಿಲ್ಲ.

"ಇಪ್ಪತ್ತೊಂದು ವರ್ಷ ಆದ್ಮೇಲೆ ಕಣ್ಣಿಗೆ ಬಿತ್ತಾ? ನೀನೆಂಥ ಡೈರೆಕ್ಟರೋ ಮಾರಾಯ."

"ಯಾಕೆ?"

"ಅವಳೇ ಕೇಳಿದ್ದು." ವೆರ್ಲ್ ಕಿಟಕಿಯ ಕಡೆ ನೋಡಿದ. "ಅವತ್ತು ಬೆಳಿಗ್ಗೆ ಸೆಟ್ಟಿನ ಅಡಿಗೆಮನೇಲಿ ಸಿಕ್ಳು. 'ಎದೇಲಿ ಗಂಟು ಕೈಗೆ ಸಿಕ್ಕಿದೆ ವೆರ್ಲ್. ಇವತ್ತು ಆ ಸೀನಲ್ಲಿ ನಿಜವಾಗ್ಲೂ ಮಾಡು. ಥೇನ್‌ಗೆ ಹೇಳ್ಬೇಡ, ಹೇಳಿದ್ರೆ ಶೂಟಿಂಗ್ ನಿಲ್ಲಿಸ್ತಾನೆ. ಇನ್ನು ಆರೇ ದಿನ ಇರೋದು' ಅಂದ್ಲು. ಆರು ದಿನ ಮುಗಿದ್ಮೇಲೆ ತಾನೇ ಹೇಳ್ತೀನಿ ಅಂತ ಮಾತು ಕೊಟ್ಟಿದ್ಲು. ಹೇಳಿರ್ತಾಳೆ ಅಂತ್ಲೇ ನಾನೂ ಅಂದ್ಕೊಂಡಿದ್ದೆ."

ನಮ್ಮಲ್ಲಿ ಹೆಂಡತಿಗೆ ಹುಷಾರಿಲ್ಲದಿದ್ದರೆ ಮೊದಲು ತಲೆಯ ಮೇಲೆ ಕೈಯಿಡುವವನು ಗಂಡ. ಥೇನ್ ಅದನ್ನೇ ಕೇಳಿದ, ದನಿ ಏರಿಸದೆ.

"ನನ್ನ ಕೈ ಇರ್ಲಿಲ್ವೇನೋ?"

"ಇತ್ತು. ಅದರಲ್ಲಿ ಸ್ಕ್ರಿಪ್ಟ್ ಇತ್ತು."

ಹೇಳಿದ ಮೇಲೆ ವೆರ್ಲ್‌ಗೆ ಬೇಡವಾಗಿತ್ತು ಅನ್ನಿಸಿತು. ಇನ್ನೊಂದು ಪೀಚ್ ಹೋಳು ಹಾಕಿದ.

"ನೀನ್ಯಾಕೆ ನಿಲ್ಲಿಸ್ದೆ? ಹೆಸರು ಹೇಳಿದ್ಮೇಲೆ?"

"ಕಟ್ ಅಂದೆಯಲ್ಲಪ್ಪ."

"ನಾನು ಕಟ್ ಅಂದ್ರೆ ಆಶೀರ್ವಾದಾನೂ ನಿಂತೋಗತ್ತಾ?"

"ಎಲ್ರೂ ನಗ್ತಿದ್ರು. ನಂಗೆ ಗಾಬರಿ ಆಯ್ತು. ಮತ್ತೆ ಮಾಡೋಣ ಅಂದ್ರೆ ಅವಳು ಬೇಡ ಅಂದ್ಲು. 'ಬಿಡು ವೆರ್ಲ್, ಹೆಸರು ಹೇಳಿದೆಯಲ್ಲ, ಅಷ್ಟು ಸಾಕು' ಅಂದ್ಲು."

"ಏನು ಹೇಳ್ಬೇಕು ಅಂತಿದ್ದೆ? ಹೆಸರಾದ್ಮೇಲೆ?"

"ಅದು ಮೊದಲೇ ಎಲ್ಲಿ ಗೊತ್ತಿರತ್ತೋ? ನೀನೂ ಮಾಡಿದೀಯಲ್ಲ. ಹೆಸರು ಹೇಳಿ ಸುಮ್ನೆ ನಿಂತ್ರೆ ಮಾತು ತಾನಾಗೇ ಬರತ್ತೆ. ಅವತ್ತು ಅದು ಬರೋಕೆ ಮೊದ್ಲೇ..."

ವೆರ್ಲ್ ಮಾತು ಮುಗಿಸಲಿಲ್ಲ. ನಾನೂ ಮುಗಿಸುವುದಿಲ್ಲ.

ಕೊನೆಗಳು.

ಮೂರು ಬರೆದಿಟ್ಟಿದ್ದೇನೆ.

ಮೊದಲನೆಯದು: ವೆರ್ಲ್ ಎದ್ದು ಬಂದು ಕೂತಿದ್ದ ಥೇನನ ತಲೆಯ ಮೇಲೆ ಕೈಯಿಟ್ಟು, ನಿಂತುಹೋದ ಆಶೀರ್ವಾದವನ್ನು ಮುಗಿಸುತ್ತಾನೆ. ಪಿಯಾನೋ. ಬೆಟ್ಟ. ನನಗೆ ಬಹಳ ಹಿಡಿಸಿತು. ಥೇನ್ ಮಾತ್ರ, "ಇದು ನಾನೇ ಎರಡು ಸಾವಿರದ ಮೂರರಲ್ಲಿ ಮಾಡಿರೋ ಎಂಡಿಂಗು. ಅಲ್ದೆ ತಲೆ ನಂದಲ್ಲ, ಅವಳದು," ಅಂದ. ವೆರ್ಲ್ ನಿಜವಾಗಿಯೂ ಕೇಳಿದನಂತೆ, ಮಾಡಲಾ ಎಂದು. ಥೇನ್ ಬೇಡ ಎಂದು ಪೀಚ್ ತಿಂದು ಬಂದನಂತೆ.

ಎರಡನೆಯದು: ಶನಿವಾರ ಹಳೆಯ ಸಿನಿಮಾವನ್ನು ಇದ್ದ ಹಾಗೇ ತೋರಿಸುತ್ತಾರೆ. ಮಾರ್ಥಾ ಎದ್ದು ಹಿಟ್ಟು ನಾದುತ್ತಾಳೆ. ಬ್ರಿನ್ಲೀ ನಾನೂರ ಒಂದನೇ ಸಲ ಅಳುತ್ತಾಳೆ. ಥೇನ್ ಕುರ್ಚಿಗಳನ್ನು ಮಡಚಿ ಜೋಡಿಸಲು ನಿಂತು, ಎಲ್ಲರೂ ಹೋದ ಮೇಲೆ ಮನೆಗೆ ಹೋಗುತ್ತಾನೆ. ಇದರಲ್ಲಿ ತಪ್ಪೇನಿಲ್ಲ. ಸತ್ತವಳು ಗುಟ್ಟಾಗಿಟ್ಟದ್ದನ್ನು ಊರಿಗೆ ತೋರಿಸಬೇಕೆಂದು ಎಲ್ಲಿದೆ?

ಮೂರನೆಯದು: ನಾಲ್ಕನೇ ಟೇಕು ತೆಗೆದು ಮೂರನೆಯದನ್ನು ಹಾಕುತ್ತಾನೆ. ಊರು ಅವಳ ಹೆಸರು ಕೇಳುತ್ತದೆ, ಆಮೇಲೆ ಅವನ "ಕಟ್" ಕೇಳುತ್ತದೆ. ನಕ್ಕವರ ನಗೆಯೂ ಕೇಳುತ್ತದೆ. ಅದರಲ್ಲಿ ನನ್ನದೂ ಇದೆ, ಆದ್ದರಿಂದ ಈ ಕೊನೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ.

"ಯಾವುದು ಥೇನ್?" ಎಂದೆ.

"ಸುಮ್ನಿರು. ಇನ್ನೊಂದು ಸಲ ನೋಡ್ತೀನಿ."

6.

ಗುರುವಾರ ಮಧ್ಯಾಹ್ನ. ಥೇನ್ ಕಂಪ್ಯೂಟರಿನ ಮುಂದೆ ಕೂತಿದ್ದಾನೆ. ಪಕ್ಕದಲ್ಲಿ ಅರ್ಧ ತಿಂದು ಬಿಟ್ಟ ಟೋಸ್ಟು. ಮೂರನೇ ಟೇಕು ಓಡುತ್ತಿದೆ. ಕೀಗೊಂಚಲು, ಹನಿ, ಕೈಗಳು, ಹೆಸರು, ಕಟ್.

ಇಲ್ಲಿಯವರೆಗೆ ಅವನು ಪ್ರತಿ ಸಲವೂ "ಕಟ್" ಬಂದ ಕೂಡಲೇ ನಿಲ್ಲಿಸುತ್ತಿದ್ದ. ಇವತ್ತು ನಿಲ್ಲಿಸಲಿಲ್ಲ. ಕ್ಯಾಮೆರಾ ಹಿಡಿದವನು ಆಫ್ ಮಾಡುವುದನ್ನು ಮರೆತಿದ್ದಾನೆ, ಚಿತ್ರ ಮುಂದುವರಿಯಿತು. ವೆರ್ಲ್ ಕೈ ತೆಗೆದು ಹಿಂದೆ ಸರಿದ. ಯಾರೋ ದೀಪದ ಕಂಬ ಸರಿಸಿದರು. ಯಾರದೋ ಕೈ ಬಂದು ಹೊದಿಕೆ ಸರಿಮಾಡಿತು. ಸ್ಕ್ರಿಪ್ಟ್ ತಿರುವಿ ಹಾಕುವ ಸದ್ದು. ಅದು ಅವನದೇ.

ಮಂಚದ ಮೇಲೆ ಆಫ್ಟನ್ ಮಾತ್ರ ಅಲುಗಾಡಲಿಲ್ಲ. ಕಣ್ಣು ಮುಚ್ಚಿಯೇ ಇದ್ದಾಳೆ. ಮುಂದಿನ ಮಾತಿಗೆ ಕಾಯುತ್ತಿದ್ದಾಳೆ. ಎಲ್ಲರೂ ನಗುತ್ತಿರುವ ಕೋಣೆಯಲ್ಲಿ ಒಬ್ಬಳೇ.

ಥೇನ್ ಅಲ್ಲಿ ನಿಲ್ಲಿಸಿದ. ಟೇಪಿನಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಅದರಲ್ಲಿ ಅವಳು ಕಣ್ಣು ಬಿಡಲೇಬೇಕು, ನಾಲ್ಕನೇ ಟೇಕಿಗೆ ತಯಾರಾಗಲೇಬೇಕು.

ಫೋನು ಬಂತು.

"ಬ್ರದರ್ ಮಿಕ್ಕೆಲ್ಸನ್, ಬ್ರಿನ್ಲೀ ನಾನು. ಕರಪತ್ರ ಪ್ರಿಂಟಿಗೆ ಕೊಡ್ತಿದೀವಿ. ಸಿನಿಮಾ ಎಷ್ಟು ಹೊತ್ತು? ತೊಂಬತ್ನಾಲ್ಕು ನಿಮಿಷ ಅಂತ್ಲೇ ಹಾಕ್ಲಾ, ಡಿವಿಡಿ ಮೇಲಿರೋ ಹಾಗೆ?"

"ಸ್ವಲ್ಪ ತಾಳಮ್ಮ."

"ಪ್ರಿಂಟಿನವರು ಕಾಯ್ತಿದಾರೆ."

"ಕಾಯ್ಲಿ," ಅಂದ ಥೇನ್. "ಇವಳಿನ್ನೂ ಕಣ್ಣು ಬಿಟ್ಟಿಲ್ಲ."